ವ್ಯಾಟ್ ದೊಡ್ಡಪ್ಪ

ಅಂಗಡಿಯವನು ಡಬ್ಬದ ಮೇಲೆ ಕೈಯಿಟ್ಟು 'ಸಾವಿರ ವ್ಯಾಟ್ ಸಾರ್, ಮನೆ ನಡುಗುತ್ತೆ' ಅಂದಾಗ ಖುಷಿಯಾಗಿ ಜೇಬಿಗೆ ಕೈ ಹಾಕುವವರು ಸಾಮಾನ್ಯ ಮನುಷ್ಯರು. 'ಎಷ್ಟು ಓಮ್‌ಗೆ? ಎಷ್ಟು ಚಾನೆಲ್ ಒಟ್ಟಿಗೆ ಓಡುವಾಗ? ಡಿಸ್ಟಾರ್ಷನ್ ಎಷ್ಟು ಪರ್ಸೆಂಟು?' ಎಂದು ಕೇಳಿ, ಹುಡುಗ ತಬ್ಬಿಬ್ಬಾಗಿ ಮಾಲೀಕನನ್ನು ಕರೆಯುವಂತೆ ಮಾಡಿ, ಆ ಮಾಲೀಕನಿಗೆ ಡಾಲ್ಬಿ ಡಿಜಿಟಲ್ 1992ರಲ್ಲಿ ಚಿತ್ರಮಂದಿರಕ್ಕೆ ಬಂದದ್ದು, ಮರುವರ್ಷ 'ಜುರಾಸಿಕ್ ಪಾರ್ಕ್' ಜೊತೆ ಡಿಟಿಎಸ್ ಬಂದದ್ದು ಎಲ್ಲವನ್ನೂ ವಿವರಿಸಿ, ಕೊನೆಗೆ ಎರಡು ಬ್ಯಾಟರಿ ಸೆಲ್ ಕೊಂಡು ಹೊರಗೆ ಬರುವವರು ನಮ್ಮ ಷಡ್ಡಕರು.

ಈ ಜಾತಿಯವರು ನಿಮ್ಮ ಬಳಗದಲ್ಲೂ ಒಬ್ಬರು ಇದ್ದೇ ಇರುತ್ತಾರೆ. ಮನೆಯ ಹೋಮ್ ಥಿಯೇಟರಿಗೆ ಪವರ್ ಆಂಪ್ಲಿಫೈಯರ್ ಆರಿಸುತ್ತಿರುತ್ತಾರೆ. ಆರಿಸಿ ಮುಗಿದದ್ದನ್ನು ಕಂಡವರಿಲ್ಲ. ನಮ್ಮ ಮಕ್ಕಳು ಷಡ್ಡಕರಿಗೆ 'ವ್ಯಾಟ್ ದೊಡ್ಡಪ್ಪ' ಎಂದು ಹೆಸರಿಟ್ಟಿದ್ದಾರೆ. ಅದು ಅವರ ಕಿವಿಗೂ ಬಿದ್ದಿದೆ, ಬೇಜಾರೇನಿಲ್ಲ. 'ಆರ್‌ಎಂಎಸ್ ವ್ಯಾಟ್ ಅನ್ರೋ, ಪಿಎಂಪಿಒ ಅಂದುಕೋಬೇಡಿ' ಎಂದಷ್ಟೇ ತಿದ್ದುತ್ತಾರೆ.

ಪಿಎಂಪಿಒ ನೋಡದ ಈಗಿನ ಹುಡುಗರಿಗೆ ಒಂದು ಮಾತು. ತೊಂಬತ್ತರ ದಶಕದಲ್ಲಿ ಅಂಗೈಯಗಲದ ಸ್ಪೀಕರಿದ್ದ ಟೇಪ್ ರೆಕಾರ್ಡರಿನ ಡಬ್ಬದ ಮೇಲೂ ಸಾವಿರಾರು ವ್ಯಾಟ್ ಎಂದು ಅಚ್ಚಾಗಿರುತ್ತಿತ್ತು. ಅದಕ್ಕೆ ಒಪ್ಪಿತ ಅಳತೆಗೋಲೇ ಇರಲಿಲ್ಲ, ಹೇಳಿದವನ ಬಾಯಿಗೆ ಬಂದದ್ದೇ ಲೆಕ್ಕ. ಅಮೆರಿಕದಲ್ಲಿ ಇಂಥ ಉತ್ಪ್ರೇಕ್ಷೆಗೆ ಮೂಗುದಾರ ಹಾಕಲು 1974ರಲ್ಲೇ ಸರ್ಕಾರ ನಿಯಮ ತಂದಿತ್ತು. ಈಗಿನ ಎವಿ ರಿಸೀವರುಗಳ ಸುಳ್ಳು ಹೆಚ್ಚು ನಾಜೂಕಿನದು. '150 ವ್ಯಾಟ್' ಎಂದು ದಪ್ಪಕ್ಷರದಲ್ಲಿ ಬರೆದು, 'ಆರು ಓಮ್, ಹತ್ತು ಪರ್ಸೆಂಟ್ ಡಿಸ್ಟಾರ್ಷನ್, ಒಂದೇ ಚಾನೆಲ್ ಓಡುವಾಗ' ಎಂಬುದನ್ನು ಕೆಳಗೆ ಕಣ್ಣಿಗೆ ಕಾಣದಷ್ಟು ಸಣ್ಣಗೆ ಬರೆದಿರುತ್ತಾರೆ. ಷಡ್ಡಕರ ಜೇಬಿನಲ್ಲಿ ಅದಕ್ಕೆಂದೇ ಒಂದು ಭೂತಗನ್ನಡಿ ಇದೆ. 'ನೋಡಿ, ಏಳು ಚಾನೆಲ್ಲಿಗೂ ಒಳಗಿರೋದು ಒಂದೇ ಟ್ರಾನ್ಸ್‌ಫಾರ್ಮರ್. ಏಳೂ ಒಟ್ಟಿಗೆ ಬಾಯಿ ತೆರೆದರೆ ಎಲ್ಲಕ್ಕೂ ಅರೆಹೊಟ್ಟೆ. ಅದಕ್ಕೇ ರಿಸೀವರಿನ ಹಿಂದಿರೋ ಪ್ರೀ-ಔಟಿಂದ ವೈರ್ ಎಳೆದು ಬೇರೆ ಪವರ್ ಆಂಪಿಗೆ ಕೊಡಬೇಕು' ಎನ್ನುತ್ತಾರೆ. ವಾದದಲ್ಲಿ ತಪ್ಪಿಲ್ಲ. ಅವರ ಯಾವ ವಾದದಲ್ಲೂ ತಪ್ಪಿರುವುದಿಲ್ಲ, ತೊಂದರೆ ಇರುವುದೇ ಅಲ್ಲಿ.

ಬ್ಯಾಂಕಿನಲ್ಲಿ ಸಾಲ ಮಂಜೂರು ಮಾಡುವ ಕುರ್ಚಿಯಲ್ಲಿ ಕೂತು ರಿಟೈರ್ ಆದವರು. ಅಕ್ಕಿ ಗಿರಣಿಗೆ, ತೆಂಗಿನ ನಾರಿನ ಕಾರ್ಖಾನೆಗೆ ಮಧ್ಯಾಹ್ನದ ಊಟದೊಳಗೆ ಕೋಟಿಗಟ್ಟಲೆ ಸಾಲಕ್ಕೆ ಸಹಿ ಹಾಕಿದ ಕೈ ಅದು. ಒಂದು ಆಂಪ್ಲಿಫೈಯರಿಗೆ ಅಡ್ವಾನ್ಸ್ ಕೊಡಬೇಕೆಂದರೆ ಆ ಕೈ ಮೇಲೇಳುವುದಿಲ್ಲ. ಸ್ಪೀಕರುಗಳನ್ನು ಎಂದೋ ಕೊಂಡಾಗಿದೆ. ಅವೂ ಡಬ್ಬದಲ್ಲೇ ಇವೆ, 'ಯೋಗ್ಯ ಆಂಪ್ ಸಿಗೋವರೆಗೂ ಬಿಚ್ಚೋಲ್ಲ' ಎಂಬ ಪ್ರತಿಜ್ಞೆಯಂತೆ. ಅತ್ತಿಗೆ, ಅಂದರೆ ನನ್ನ ಹೆಂಡತಿಯ ಅಕ್ಕ, ಪ್ರತಿಜ್ಞೆಗಳ ಜೊತೆ ಬಾಳಿ ಅಭ್ಯಾಸವಿರುವ ಹೆಂಗಸು. ಡಬ್ಬಗಳಿಗೆಲ್ಲ ಕ್ರೋಷಾ ಹೊದಿಕೆ ಹೆಣೆದು ಹಾಕಿದ್ದಾರೆ. ಫ್ರಂಟ್ ಲೆಫ್ಟ್ ಮೇಲೆ ಮನಿಪ್ಲಾಂಟು, ಫ್ರಂಟ್ ರೈಟ್ ಮೇಲೆ ಮೊಮ್ಮಗನ ಫೋಟೊ. ಸಬ್‌ವೂಫರಿನ ದೊಡ್ಡ ಡಬ್ಬದ ಮೇಲೆ ಪ್ರತಿ ಭಾದ್ರಪದದಲ್ಲಿ ಗೌರಿ-ಗಣೇಶ ಕೂರುತ್ತಾರೆ. ಅತ್ತಿಗೆ ಧಾರಾವಾಹಿ ನೋಡುವುದು ಟೀವಿಯದೇ ಸ್ಪೀಕರಿನಲ್ಲಿ. ಒಂದು ಮಾತೂ ತಪ್ಪದಂತೆ ಕೇಳಿಸುತ್ತದಂತೆ.

ಇದೆಲ್ಲ ಸಹಿಸಬಹುದು. ಸಹಿಸಲಾಗದ್ದು ಚಪ್ಪಾಳೆ.

ಆಂಪ್ ಆರಿಸುವ ಮೊದಲು ಕೋಣೆಯನ್ನು ಅರಿಯಬೇಕು ಎನ್ನುವುದು ಈ ಪಂಥದ ಮೊದಲ ಸೂತ್ರ. ಎದುರುಬದುರು ಬೋಳು ಗೋಡೆಗಳಿದ್ದರೆ ಶಬ್ದ ಅವುಗಳ ನಡುವೆ ಹಿಂದೆ ಮುಂದೆ ಪುಟಿಯುತ್ತದೆ. ಒಂದು ಚಪ್ಪಾಳೆ ತಟ್ಟಿದರೆ 'ಟರ್‌ರ್' ಎಂದು ಬಾಲ ಬೆಳೆಸಿಕೊಂಡು ಬರುತ್ತದೆ. ಅದಕ್ಕೆ ಫ್ಲಟರ್ ಎಕೋ ಎನ್ನುತ್ತಾರೆ. ಹಾಗಾಗಿ ಷಡ್ಡಕರು ಯಾರ ಮನೆಗೆ ಹೋದರೂ ಚಪ್ಪಲಿ ಬಿಟ್ಟ ಕೂಡಲೇ ಚಪ್ಪಾಳೆ ತಟ್ಟುತ್ತಾರೆ. ಸಾವಿನ ಮನೆಯಲ್ಲಿ ಮಾತ್ರ ಈವರೆಗೆ ತಟ್ಟಿಲ್ಲ. ಅಲ್ಲೂ ಕೈ ಎದೆಮಟ್ಟಕ್ಕೆ ಬಂದದ್ದನ್ನು ನಾನು ಕಂಡಿದ್ದೇನೆ.

ನಮ್ಮ ಗೃಹಪ್ರವೇಶದ ದಿನ ನಡೆದದ್ದು ಕೇಳಿ. ಬೆಳಗಿನ ಜಾವದ ಮುಹೂರ್ತ. ಹಸು ಒಳಗೆ ಬಂದು ಹೋಗಿತ್ತು, ಹಾಲು ಉಕ್ಕಿತ್ತು, ಹಾಲಿನ ನಡುವೆ ಹೋಮ ನಡೆಯುತ್ತಿತ್ತು. ಕಣ್ಣು ಬಿಡಲಾಗದಷ್ಟು ಹೊಗೆ. ಆಗ ಈ ಮಹಾನುಭಾವರು ಬಂದರು. ಖಾಲಿ ಗೋಡೆ, ಹೊಸ ಟೈಲ್ಸು, ಪರದೆಯಿಲ್ಲದ ಕಿಟಕಿ ಕಂಡದ್ದೇ ತಡ, ಬಾಗಿಲ ಪಕ್ಕ ನಿಂತು ಒಂದು ಚಪ್ಪಾಳೆ, ಮೂಲೆಗೆ ಸರಿದು ಎರಡು, ಕಿವಿ ಓರೆ ಮಾಡಿ ಮತ್ತೆ ಮೂರು. ಹೊಗೆಯಲ್ಲಿ ಯಾರು ತಟ್ಟಿದರೆಂದು ಯಾರಿಗೂ ಕಾಣಲಿಲ್ಲ. ಮಂಗಳಾರತಿ ಶುರುವಾಯಿತೆಂದು ಮಕ್ಕಳೂ ತಟ್ಟಿದರು. ಯಾರೋ ಉತ್ಸಾಹಿ ಜಾಗಟೆ ಹೊಡೆದ. ಒಳಕೋಣೆಯಲ್ಲಿದ್ದ ಹೆಂಗಸರು ಆರತಿ ಹಾಡುತ್ತಲೇ ಹೊರಗೆ ಬಂದರು. 'ಇನ್ನೂ ಪೂರ್ಣಾಹುತಿ ಆಗಿಲ್ಲ ಕಣ್ರಮ್ಮಾ!' ಎಂದು ಪುರೋಹಿತರು ಕೂಗಿದ್ದು ಜಾಗಟೆಯಲ್ಲಿ ಮುಳುಗಿತು. ಹಿತ್ತಲಿನ ಅಡುಗೆ ಭಟ್ಟರು ಆರತಿ ಹಾಡು ಕೇಳಿ ಪೂಜೆ ಮುಗಿಯಿತೆಂದು ಎಲೆ ಹಾಕಿಸಿದರು. ದೂರದಿಂದ ಬಂದು ಹಸಿದಿದ್ದ ನೆಂಟರು ಪಂಕ್ತಿಯಲ್ಲಿ ಕೂತೇಬಿಟ್ಟರು. ಇತ್ತ ಹೋಮ ಮುಗಿಯುವಷ್ಟರಲ್ಲಿ ಅತ್ತ ಕೋಸಂಬರಿ ಎರಡನೇ ಸುತ್ತು ಬಂದಿತ್ತು.

ಇಷ್ಟಕ್ಕೆಲ್ಲ ಕಾರಣಪುರುಷರು ನನ್ನ ಹತ್ತಿರ ಬಂದು, ನಮ್ಮ ಅತ್ತೆಯವರ ಎದುರಿಗೇ, ಡಾಕ್ಟರ ಗಾಂಭೀರ್ಯದಲ್ಲಿ ಹೇಳಿದರು: 'ನಿಮ್ಮ ಹಾಲಿಗೆ ದೋಷ ಇದೆ.' ಫ್ಲಟರ್ ಎಕೋ ಎಂಬ ಮುಂದಿನ ಮಾತು ಅತ್ತೆಯವರಿಗೆ ಕೇಳಿಸಲಿಲ್ಲ. ದೋಷ ಎಂಬುದಷ್ಟೇ ಕೇಳಿಸಿತು. ಮುಂದಿನ ಮಂಗಳವಾರ ನಮ್ಮ ಮನೆಯಲ್ಲಿ ಇನ್ನೊಂದು ಶಾಂತಿ ನಡೆಯಿತು. ಅದರ ಖರ್ಚಿನಲ್ಲಿ ಪರದೆ, ಕಾರ್ಪೆಟ್ ಎರಡೂ ಬರುತ್ತಿದ್ದವು, ದೋಷವೂ ಹೋಗುತ್ತಿತ್ತು.

ಆದರೆ ಸೋಂಕು ಬಿಡಲಿಲ್ಲ. ಈಗ ಯಾರದಾದರೂ ಹೊಸ ಮನೆಗೆ ಹೋದರೆ ನನ್ನ ಕೈಗಳೂ ತಾವಾಗಿ ಒಂದರ ಹತ್ತಿರ ಒಂದು ಬರುತ್ತವೆ. ಹೆಂಡತಿ ಹೂವಿನ ಪೊಟ್ಟಣವೋ ಹಣ್ಣಿನ ಚೀಲವೋ ತಂದು ಅವುಗಳ ನಡುವೆ ಇಡುತ್ತಾಳೆ.

ಆಂಪ್ಲಿಫೈಯರನ್ನು ಷಡ್ಡಕರು ಕೇಳುವ ಮೊದಲು ಎತ್ತಿ ನೋಡುತ್ತಾರೆ. ಸಂತೆಯಲ್ಲಿ ಕುಂಬಳಕಾಯಿ ಕೊಳ್ಳುವವರ ಹಾಗೆ. ಇದಕ್ಕೂ ಶಾಸ್ತ್ರವಿದೆ. ಕ್ಲಾಸ್ ಎಬಿ ಆಂಪ್ ಎಳೆದುಕೊಂಡ ಕರೆಂಟಿನಲ್ಲಿ ಒಳ್ಳೆಯ ಪಾಲು ಶಾಖವಾಗಿ ಹೋಗುತ್ತದೆ, ಆದ್ದರಿಂದ ದಪ್ಪ ಟ್ರಾನ್ಸ್‌ಫಾರ್ಮರು, ದಪ್ಪ ಹೀಟ್‌ಸಿಂಕು, ಬೆನ್ನು ಹಿಡಿಯುವಷ್ಟು ತೂಕ. ಕ್ಲಾಸ್ ಡಿ ಬಂದ ಮೇಲೆ ದಕ್ಷತೆ ನೂರಕ್ಕೆ ತೊಂಬತ್ತರವರೆಗೂ ಏರಿ, ಅಷ್ಟೇ ಶಕ್ತಿ ಒಂದೇ ಕೈಯಲ್ಲಿ ಹಿಡಿಯುವ ಡಬ್ಬದಲ್ಲಿ ಸಿಗುತ್ತಿದೆ. ಅಂಥದ್ದೊಂದನ್ನು ಎಸ್.ಪಿ. ರಸ್ತೆಯ ಅಂಗಡಿಯಲ್ಲಿ ಅವರ ಕೈಗೆ ಕೊಟ್ಟಾಗ ಅಲ್ಲಾಡಿಸಿ ನೋಡಿ, 'ಒಳಗೆ ಇಟ್ಟಿದ್ದೀರಿ ತಾನೆ?' ಎಂದು ಕೇಳಿದರು.

ಒಮ್ಮೆ ನಾನೇ ಧೈರ್ಯ ಮಾಡಿ ಕೇಳಿದೆ, 'ಭಾವ, ನಿಜವಾಗಿ ಎಷ್ಟು ವ್ಯಾಟ್ ಬೇಕು?' ಕೈಗೆ ಸಿಕ್ಕ ಲಗ್ನಪತ್ರಿಕೆಯ ಬೆನ್ನ ಮೇಲೆ ಲೆಕ್ಕ ಶುರುವಾಯಿತು. ಅವರ ಸ್ಪೀಕರು ಒಂದು ವ್ಯಾಟ್ ಕೊಟ್ಟರೆ ಒಂದು ಮೀಟರ್ ದೂರದಲ್ಲಿ 88 ಡೆಸಿಬೆಲ್ ಕೂಗುತ್ತದೆ. ಸೋಫಾ ಇರುವುದು ಮೂರು ಮೀಟರ್ ಆಚೆ. ಬಯಲಿನ ಲೆಕ್ಕ ಹಿಡಿದರೆ ಅಷ್ಟರಲ್ಲಿ ಒಂಬತ್ತೂವರೆ ಡೆಸಿಬೆಲ್ ಸವೆಯುತ್ತದೆ. ಸೋಫಾದಲ್ಲಿ 85 ಕೇಳಬೇಕೆಂದರೆ ಸುಮಾರು ಐದು ವ್ಯಾಟ್ ಸಾಕು.

'ಐದೇ?' ಎಂದೆ. ಇಷ್ಟು ವರ್ಷ ಐದು ವ್ಯಾಟಿಗಾಗಿ ಅಲೆದರೇ?

'ತಡೀರಿ. ಅದು ಮಾತುಕತೆಗೆ. ಸಿನಿಮಾ ಶಿಖರ ಮುಟ್ಟೋದು 105ರಲ್ಲಿ. ಪ್ರತಿ ಮೂರು ಡೆಸಿಬೆಲ್ಲಿಗೂ ವ್ಯಾಟ್ ದುಪ್ಪಟ್ಟು ಆಗ್ತಾ ಹೋಗುತ್ತೆ. ಎಷ್ಟಾಯ್ತು? ನಾನೂರ ನಲವತ್ತು ಚಿಲ್ಲರೆ.' ಗೋಡೆಗಳ ಮಾರ್ದನಿಯ ಸಹಾಯವನ್ನು ಅವರು ಲೆಕ್ಕಕ್ಕೆ ಹಿಡಿಯಲಿಲ್ಲ. ಎಂಬತ್ತು ಹರ್ಟ್ಸ್‌ಗಿಂತ ಕೆಳಗಿನ ಹೊರೆಯನ್ನು ಸ್ವಂತ ಆಂಪ್ ಇರುವ ಸಬ್‌ವೂಫರಿಗೆ ಒಪ್ಪಿಸಿದರೆ ಉಳಿದವುಗಳ ಭಾರ ಎಷ್ಟೋ ಇಳಿಯುತ್ತದೆ ಎಂಬುದನ್ನೂ ಹೇಳಲಿಲ್ಲ. ಇದೆಲ್ಲ ಅವರಿಗೆ ಗೊತ್ತಿಲ್ಲದ್ದಲ್ಲ. ಸಾಲದ ಅರ್ಜಿಯಲ್ಲಿ ಗಿರಾಕಿ ಏನನ್ನು ಬಿಟ್ಟು ಬರೆಯುತ್ತಾನೆಂಬುದು ಅವರಿಗಿಂತ ಚೆನ್ನಾಗಿ ಇನ್ನಾರಿಗೆ ಗೊತ್ತು?

'ಒಂದು ಕ್ಷಣದ ಶಿಖರಕ್ಕೆ ನಾನೂರು ವ್ಯಾಟೇ?'

'ಕಾಂತಾರದಲ್ಲಿ ಆ ಕೂಗು ಬರುತ್ತಲ್ಲ, ಅದು ಎಷ್ಟು ಹೊತ್ತು ಇರುತ್ತೆ ಹೇಳಿ? ಆ ಕ್ಷಣಕ್ಕೇ ಅಲ್ವೇ ಜನ ಥಿಯೇಟರಿಗೆ ಹೋದದ್ದು?'

ವಸತಿ ಪ್ರದೇಶದಲ್ಲಿ ರಾತ್ರಿ ಹತ್ತರ ಮೇಲೆ 45 ಡೆಸಿಬೆಲ್ ಮೀರಬಾರದೆಂದು 2000ನೇ ಇಸವಿಯ ಶಬ್ದಮಾಲಿನ್ಯ ನಿಯಮ ಹೇಳುತ್ತದೆ ಎಂದು ನೆನಪಿಸಿದೆ. 'ಅದಕ್ಕೇ ಮ್ಯಾಟಿನಿ ಇಟ್ಕೊಳ್ಳೋಣ' ಎಂದರು.

ಇನ್ನೊಮ್ಮೆ ಬಾಬ್ ಕಾರ್ವರ್ ಕಥೆ ಓದಿಕೊಂಡು ಹೋಗಿ ಅವರ ಬಾಯಿ ಕಟ್ಟಲು ನೋಡಿದೆ. 1985ರಲ್ಲಿ ಅಮೆರಿಕದ ಈ ಆಂಪ್ ತಯಾರಕ, ಸ್ಟೀರಿಯೋಫೈಲ್ ಪತ್ರಿಕೆಯವರು ಆರಿಸಿದ ಭಾರಿ ಬೆಲೆಯ ಆಂಪನ್ನು ಎದುರಿಗಿಟ್ಟುಕೊಂಡು, ಹೋಟೆಲ್ ಕೋಣೆಯಲ್ಲಿ ಕೂತು ತನ್ನ ಅಗ್ಗದ ಆಂಪನ್ನು ಅದರಂತೆಯೇ ನುಡಿಯುವ ಹಾಗೆ ತಿದ್ದಿದ. ಕೊನೆಗೆ ಪತ್ರಿಕೆಯವರಿಗೇ ಯಾವುದು ಯಾವುದೆಂದು ಹೇಳಲಾಗಲಿಲ್ಲ. 'ಹಾಗಾದರೆ ಯಾವುದಾದರೂ ಒಂದು ಕೊಂಡರಾಯಿತಲ್ಲ ಭಾವ?' ಷಡ್ಡಕರು ಕಾಫಿ ಲೋಟ ಕೆಳಗಿಟ್ಟು ಯೋಚಿಸಿ ಹೇಳಿದರು: 'ನಿಜ. ಆದರೆ ತಿದ್ದೋಕೆ ಕಾರ್ವರ್ ನಮ್ಮ ಮನೆಗೆ ಬರ್ತಾನಾ?'

ಒಂದು ಶನಿವಾರ ಎಸ್.ಪಿ. ರಸ್ತೆಯಿಂದ ಬರಿಗೈಯಲ್ಲಿ ವಾಪಸ್ ಬರುವಾಗ ಟೌನ್ ಹಾಲ್ ಹತ್ತಿರ ಟ್ರಾಫಿಕ್ಕು ನಿಂತುಬಿಟ್ಟಿತು. ನನಗೆ ಆ ದಿನ ಸಿಟ್ಟು ಬಂದಿತ್ತು, ಮಾತಾಡಲಿಲ್ಲ. ಅವರೇ ಶುರು ಮಾಡಿದರು. ತುರುವೇಕೆರೆ ಕಡೆಯ ಅವರ ಊರಿಗೆ ವರ್ಷಕ್ಕೊಮ್ಮೆ ಟೂರಿಂಗ್ ಟಾಕೀಸ್ ಬರುತ್ತಿತ್ತಂತೆ. ಸಂಜೆ ಟೆಂಟಿನ ಮೇಲಿನ ಹಾರ್ನಿನಲ್ಲಿ ಘಂಟಸಾಲರ 'ನಮೋ ವೆಂಕಟೇಶ' ಬಂದರೆ ಆಟ ಶುರುವಾಗುತ್ತದೆಂದು ಅರ್ಥ. ಟಿಕೆಟ್ಟಿಗೆ ಕಾಸಿಲ್ಲದ ಈ ಹುಡುಗ ಟೆಂಟಿನ ಹಿಂಬದಿಯ ಬೇಲಿಯ ಹತ್ತಿರ ಕೂತು ಇಡೀ ಸಿನಿಮಾ ಕೇಳುತ್ತಿದ್ದ. ಕತ್ತಿವರಸೆ, ಕುದುರೆ ಓಟ, ನಾಯಕಿಯ ಅಳು. ಮಾರನೆಯ ದಿನ ಸ್ಕೂಲಿನಲ್ಲಿ ಕಥೆ ಹೇಳುತ್ತಿದ್ದವನು ಇವನೇ. ದುಡ್ಡು ಕೊಟ್ಟು ನೋಡಿ ಬಂದ ಹುಡುಗರು ಬಾಯಿಬಿಟ್ಟು ಕೇಳುತ್ತಿದ್ದರಂತೆ.

'ಆಮೇಲೆ ಕೆಲಸಕ್ಕೆ ಸೇರಿ ಟೀವಿ ತಗೊಂಡಾಗ ಅದೇ ಸಿನಿಮಾಗಳು ಬಂದವು. ಆಸೆಯಿಂದ ಕೂತೆ. ಕುದುರೆ ಇಷ್ಟೇ ಇಷ್ಟು ಇತ್ತು ಕಣ್ರೀ' ಎಂದು ಬೆರಳಲ್ಲಿ ತೋರಿಸಿದರು. 'ಅರಮನೆ ರಟ್ಟಿಂದು ಅಂತ ಗೊತ್ತಾಗುತ್ತಿತ್ತು. ನಾನು ಬೇಲಿ ಹತ್ತಿರ ಕೇಳಿದ್ದ ಅರಮನೆ ಬೇರೆ.'

ನನಗೆ ಏನು ಹೇಳಬೇಕೋ ತೋಚಲಿಲ್ಲ. ಕೇಳಿಯೇ ಸಿನಿಮಾ ನೋಡಿದವರಿಗೆ ನೋಡಿದ್ದು ಸಾಲದೆ ಹೋಗುವುದು ಸಹಜವೇ ಇರಬೇಕು. ನಾವೆಲ್ಲ ದುಡ್ಡು ಕೈಗೆ ಬಂದ ಮೇಲೆ ಅಂಗಡಿಗಳಲ್ಲಿ ಹುಡುಕುವುದು ದುಡ್ಡಿಲ್ಲದಾಗ ಸಿಗದೆ ಹೋದದ್ದನ್ನೋ, ಅಥವಾ ಆಗ ಪುಕ್ಕಟೆ ಸಿಕ್ಕಿದ್ದನ್ನೋ... ಎಂದು ನನ್ನ ತಲೆ ಎತ್ತಲೋ ಹೊರಟಿತ್ತು. ಪಕ್ಕದ ಸೀಟಿನಿಂದ ಲೆಕ್ಕ ಬಂತು: 'ಆ ಹಾರ್ನ್ ಒಂದು ವ್ಯಾಟಿಗೆ 105 ಕೊಡುತ್ತೆ. ನಮ್ಮ ಸ್ಪೀಕರ್ 88. ಹದಿನೇಳು ಡೆಸಿಬೆಲ್ ಅಂದ್ರೆ ಐವತ್ತು ಪಟ್ಟು. ಟೆಂಟಿನವನು ಮೂವತ್ತು ವ್ಯಾಟಿನ ವಾಲ್ವ್ ಆಂಪ್ ಇಟ್ಟಿದ್ದ ಅಂತ ಇಟ್ಕೊಂಡ್ರೂ, ಅಷ್ಟು ಸದ್ದಿಗೆ ಇವತ್ತು ನಮಗೆ ಸಾವಿರದೈನೂರು ವ್ಯಾಟ್ ಬೇಕು. ನಾನೇನು ಅತಿ ಆಸೆ ಪಡ್ತಿದ್ದೀನಾ?'

ಸಿಗ್ನಲ್ ಬಿಟ್ಟಿತು.

ಕಳೆದ ವಾರ ಫೋನ್ ಬಂತು. 'ಆಂಪ್ ಫೈನಲ್ ಆಯ್ತು!' ಎಂದರು. ನನಗೆ ನಿಜಕ್ಕೂ ಕಣ್ಣು ತುಂಬಿ ಬಂತು. ಹೆಂಡತಿಯನ್ನು ಕೂಗಿ ಕರೆದೆ. ಎಷ್ಟು ವ್ಯಾಟು, ಎಷ್ಟು ತೂಕ, ಯಾವಾಗ ಮನೆಗೆ ಬರುತ್ತದೆ ಎಂದೆಲ್ಲ ಕೇಳಿದೆ.

'ಬರುತ್ತೆ ಬರುತ್ತೆ, ಅದಕ್ಕೇನು ಅವಸರ. ಮೊದಲು ಅರ್ತಿಂಗ್ ಸರಿ ಮಾಡಬೇಕು. ರಿಸೀವರ್ರೂ ಆಂಪೂ ಬೇರೆ ಬೇರೆ ಆದಾಗ ಗ್ರೌಂಡ್ ಲೂಪ್ ಆಗಿ ಐವತ್ತು ಹರ್ಟ್ಸಿನ ಗುಂಯ್ ಸದ್ದು ಸೇರಿಕೊಳ್ಳುತ್ತೆ. ಅದಕ್ಕೆ ಹಿತ್ತಲಲ್ಲಿ ಹೊಸ ಅರ್ತ್ ಗುಂಡಿ ತೆಗೆಸ್ತಿದ್ದೀನಿ. ತಾಮ್ರದ ಪ್ಲೇಟು, ಉಪ್ಪು ಬಂದಿದೆ. ಇದ್ದಿಲಿನ ವಿಷಯ ಮಾತ್ರ ಇತ್ಯರ್ಥ ಆಗಿಲ್ಲ. ಸೌದೆ ಇದ್ದಿಲು ಒಳ್ಳೆಯದೋ, ತೆಂಗಿನ ಚಿಪ್ಪಿನ ಇದ್ದಿಲು ಒಳ್ಳೆಯದೋ? ತಿಪಟೂರಿಂದ ಎರಡು ಥರ ಚಿಪ್ಪಿನದು ತರಿಸಿದ್ದೀನಿ. ಭಾನುವಾರ ಬನ್ನಿ, ಒಂದೊಂದಾಗಿ ಹಾಕಿ ಅಳತೆ ಮಾಡಿ ನೋಡೋಣ.'

ಹಿಂದಿನಿಂದ ಅತ್ತಿಗೆಯ ದನಿ ಕೇಳಿಸಿತು: 'ಬರುವಾಗ ಹಳೇ ಬೆಡ್‌ಶೀಟ್ ಇದ್ದರೆ ತನ್ನಿ ಅಂತ ಹೇಳಿ. ಇದ್ದಿಲು ಮೂಟೆ ಇಡೋಕೆ ಜಾಗ ಇಲ್ಲದೆ ಸ್ಪೀಕರ್ ಡಬ್ಬದ ಮೇಲೆ ಇಟ್ಟಿದ್ದೀನಿ, ಕ್ರೋಷಾ ಎಲ್ಲ ಕಪ್ಪಾಗ್ತಿದೆ.'