ಬಣ್ಣ ಕಟ್ಟುವ ಪೆಟ್ಟಿಗೆ

ವಸ್ತುವೊಂದು ನೆಟ್ಟಗೆ ಕೆಲಸ ಮಾಡುತ್ತಿರುವಷ್ಟು ಕಾಲ ಅದರ ಮೇಲೆ ಯಾರಿಗೂ ಮಮತೆ ಹುಟ್ಟುವುದಿಲ್ಲ. ಅದು ಕೆಟ್ಟು, ಅಟ್ಟವನ್ನು ಸೇರಿ, ಮೇಲೆ ಹಳೆಯ ಪಂಚಾಂಗಗಳನ್ನೂ ಸೋರುವ ಬಿಂದಿಗೆಗಳನ್ನೂ ಹೊತ್ತು, ಕಡೆಗೊಂದು ದಿನ ಗುಜರಿಯವನು ಬಾಗಿಲಿಗೆ ಬಂದು ತೂಕದ ಲೆಕ್ಕದಲ್ಲಿ ಅದಕ್ಕೊಂದು ಬೆಲೆ ಹೇಳಿದನೆಂದರೆ, ಅದು ವಂಶದ ನಿಧಿಯೆಂಬ ಜ್ಞಾನವು ಮನೆಮಂದಿಗೆಲ್ಲ ಏಕಕಾಲದಲ್ಲಿ ಉದಯಿಸುತ್ತದೆ. ಗುಂಡ್ಲುಪೇಟೆಯಲ್ಲಿರುವ ನನ್ನ ಸೋದರಮಾವನವರ ಇಪ್ಪತ್ತಂಗುಲದ ಬಣ್ಣದ ಟೆಲಿವಿಷನ್ನಿಗೆ ಪ್ರಾಪ್ತವಾದ ಯೋಗವು ಇದೇ. ಮರದ ಪೆಟ್ಟಿಗೆ, ಅದಕ್ಕೆ ಎರಡೂ ಕಡೆಯಿಂದ ಜಾರಿಬಂದು ಕೂಡಿಕೊಳ್ಳುವ ಷಟರು, ಷಟರಿಗೊಂದು ಬೀಗ, ಬೀಗದ ಕೈ ಸದಾ ಮಾವನವರ ಸೊಂಟದಲ್ಲಿ: ಇಷ್ಟೊಂದು ಮರ್ಯಾದೆಯಿಂದ ಬಾಳಿದ ಜೀವವನ್ನು ಕಿಲೋ ಲೆಕ್ಕಕ್ಕೆ ಒಪ್ಪಿಸುವುದು ಹೇಗೆ? ಗುಜರಿಯವನನ್ನು ಗದರಿ ಕಳುಹಿಸಿದ ಮಾವನವರು ಒಡನೆಯೇ ಚಾಮರಾಜನಗರದಲ್ಲಿರುವ ನನಗೆ ಫೋನು ಮಾಡಿ, "ಅಳಿಯ, ಇಷ್ಟು ವರ್ಷ ಮಕ್ಕಳಿಗೆ ವಿಜ್ಞಾನ ಹೇಳಿದ್ದೀಯೆ, ಇದನ್ನೊಂದು ಬದುಕಿಸಿಕೊಡು" ಎಂದು ಅಪ್ಪಣೆ ಮಾಡಿದರು. ಓಮನ ನಿಯಮವನ್ನು ಕರಿಹಲಗೆಯ ಮೇಲೆ ಬರೆದವನಿಗೆ ವಿದ್ಯುತ್ತು ತಾನಾಗಿಯೇ ವಿಧೇಯವಾಗುತ್ತದೆಂಬುದು ಅವರ ಅಚಲವಾದ ಶ್ರದ್ಧೆ.

ಗೂಡ್ಸ್ ಆಟೋದಲ್ಲಿ ಕಂಬಳಿ ಹೊದ್ದು ಕುಳಿತ ಪೆಟ್ಟಿಗೆಯು ತೆರಕಣಾಂಬಿಯ ಮಾರ್ಗವಾಗಿ ಚಾಮರಾಜನಗರವನ್ನು ಪ್ರವೇಶಿಸಿತು. ನಮ್ಮ ಊರಿಗೆ ಕಾಲಿಟ್ಟ ಮುಖ್ಯಮಂತ್ರಿಗಳು ಪದವಿಯನ್ನು ಕಳೆದುಕೊಳ್ಳುತ್ತಾರೆಂಬ ಪ್ರತೀತಿಯೊಂದು ಬಹುಕಾಲದಿಂದ ಪ್ರಸಿದ್ಧವಾಗಿದೆಯಷ್ಟೆ. ಪದವಿಯನ್ನು ಎಂದೋ ಕಳೆದುಕೊಂಡು ಬಂದ ಈ ಅತಿಥಿಗೆ ಅಂತಹ ಭಯಕ್ಕೆ ಕಾರಣವಿರಲಿಲ್ಲ. ಆದರೆ ಅದನ್ನು ಇಳಿಸಿಕೊಂಡ ಕ್ಷಣದಿಂದ ನಮ್ಮ ಬೀದಿಯಲ್ಲಿ ಅಲ್ಲಿಯವರೆಗೆ ಗುಪ್ತವಾಗಿದ್ದ ವೈದ್ಯರೆಲ್ಲರೂ ಪ್ರಕಟರಾದರು. ಪಿಕ್ಚರ್ ಟ್ಯೂಬು ಹೋಗಿದೆಯೆಂದು ನಿವೃತ್ತ ಶಿರಸ್ತೇದಾರರು ದೂರದಿಂದಲೇ ತೀರ್ಪಿತ್ತರು. ಟ್ಯೂಬಲ್ಲ, ಒಳಗೆ ಗಾಳಿ ಹೋಗಿದೆಯೆಂದು ಹಾಲಿನವನು ಅಪೀಲು ಹೋದನು. ಎದುರುಮನೆಯ ಮುದುಕಿಯು ಮಾತ್ರ ಯಾವ ಸಿದ್ಧಾಂತಕ್ಕೂ ಅಂಟಿಕೊಳ್ಳದೆ, ಎಡಗಡೆಯ ಮೇಲ್ಮೂಲೆಗೆ ಅಂಗೈಯಿಂದ ಬಲವಾಗಿ ಬಡಿಯಬೇಕೆಂದು ಸೂಚಿಸಿದಳು. ಆಮೇಲೆ ತಿಳಿದುಬಂದ ಹಾಗೆ, ಮೂವರಲ್ಲಿ ಸತ್ಯಕ್ಕೆ ಅತಿ ಸಮೀಪವಾಗಿದ್ದವಳು ಈಕೆಯೇ.

ಭುವನೇಶ್ವರಿ ವೃತ್ತದಿಂದ ಸ್ವಲ್ಪ ದೂರದ ಗಲ್ಲಿಯಲ್ಲಿ ಒಬ್ಬ ಮೆಕ್ಯಾನಿಕ್ಕು ಇದ್ದಾನೆ. ಈಚೆಗೆ ಅವನ ಜೀವನವೆಲ್ಲ ಮಿಕ್ಸಿಗಳಿಂದಲೂ ಸೆಟ್‌ಟಾಪ್ ಬಾಕ್ಸುಗಳಿಂದಲೂ ನಡೆಯುತ್ತಿರುವುದಾದರೂ, ಪಿಕ್ಚರ್ ಟ್ಯೂಬಿನ ಸೆಟ್ಟೊಂದು ಮೆಟ್ಟಿಲೇರಿ ಬಂದುದನ್ನು ಕಂಡು ಅವನ ಮುಖವು ಅರಳಿತು. ಹಿಂಬದಿಯ ಮುಚ್ಚಳವನ್ನು ಬಿಚ್ಚಿದಾಗ ಕಂಡ ಲೋಕವನ್ನು ನಾನು ಮರೆಯಲಾರೆ. ಅತ್ಯಧಿಕ ವೋಲ್ಟೇಜು ಇರುವಲ್ಲಿಗೆ ಧೂಳು ತಾನಾಗಿಯೇ ಆಕರ್ಷಿತವಾಗಿ ಬರುವುದರಿಂದ ಟ್ಯೂಬಿನ ಕತ್ತಿನ ಸುತ್ತ ಕಾಡಿಗೆಯ ಪದರವೊಂದು ದಪ್ಪನಾಗಿ ಕೂತಿತ್ತು. ಸ್ಪೀಕರಿನ ಹಿಂದೆ ಹಲ್ಲಿಯ ಮೊಟ್ಟೆಯ ಚಿಪ್ಪುಗಳು. ಟ್ರಾನ್ಸ್‌ಫಾರ್ಮರಿನ ಬುಡದಲ್ಲಿ ಇಲಿಯು ಸಂಗ್ರಹಿಸಿದ್ದ ಹಳೆಯ ವೃತ್ತಪತ್ರಿಕೆಯ ಚೂರುಗಳು. ಮುಚ್ಚಳದ ಒಳಮೈಗೆ ಪ್ಲಾಸ್ಟಿಕ್ ಚೀಲದಲ್ಲಿ ಭದ್ರವಾಗಿ ಅಂಟಿಸಿದ್ದ ಕೊಂಡ ರಸೀದಿಯೂ ಸಿಕ್ಕಿತು. ಅದರ ಮೇಲೆ ಸ್ಪಷ್ಟವಾಗಿ 1986 ಎಂದಿತ್ತು.

ಈ ರಸೀದಿಯು ಕುಟುಂಬದ ಇತಿಹಾಸಕ್ಕೆ ದೊಡ್ಡದೊಂದು ಆಘಾತ. ಏಕೆಂದರೆ, 1982ರ ನವೆಂಬರಿನಲ್ಲಿ ದೆಹಲಿಯಲ್ಲಿ ನಡೆದ ಏಷ್ಯನ್ ಕ್ರೀಡಾಕೂಟವನ್ನು ತಾವು ಇದೇ ಪೆಟ್ಟಿಗೆಯಲ್ಲಿ ಪೂರ್ಣ ವರ್ಣಗಳಲ್ಲಿ ನೋಡಿದುದಾಗಿ ಮಾವನವರು ಪ್ರತಿಯೊಂದು ಮದುವೆಯ ಪಂಕ್ತಿಯಲ್ಲಿಯೂ ಸಾರಿದ್ದರು. 1983ರ ಜೂನ್ 25ರಂದು ಲಾರ್ಡ್ಸಿನಲ್ಲಿ ಕಪಿಲದೇವರು ಎತ್ತಿದ ಕಪ್ಪಿನ ಹೊಳಪು ಇದೇ ಗಾಜಿನ ಮೇಲೆ ತನ್ನ ಕಣ್ಣು ಕೋರೈಸಿತೆಂದು ಅವರ ಹಿರಿಯ ಮಗನ ಸಾಕ್ಷ್ಯವಿತ್ತು. ನಾನು ಫೋನಿನಲ್ಲಿ ಅತ್ಯಂತ ವಿನಯದಿಂದ ರಸೀದಿಯ ತಾರೀಖನ್ನು ಓದಿ ಹೇಳಲಾಗಿ ಮಾವನವರು ಕ್ಷಣಮಾತ್ರವೂ ವಿಚಲಿತರಾಗದೆ, "ಆಗಿನ ಕಾಲದಲ್ಲಿ ಸಾಮಾನು ಮೊದಲು ಬರುತ್ತಿತ್ತು, ರಸೀದಿ ಆಮೇಲೆ ಬರುತ್ತಿತ್ತು" ಎಂದರು. ಅಷ್ಟಕ್ಕೆ ನಿಲ್ಲದೆ, ಅಂಚೆಕಛೇರಿಯಲ್ಲಿ ಇದಕ್ಕಾಗಿ ವರ್ಷವರ್ಷವೂ ಲೈಸೆನ್ಸ್ ಕಟ್ಟಿದುದನ್ನೂ ಪ್ರಮಾಣವಾಗಿ ಮುಂದಿಟ್ಟರು. ರೇಡಿಯೋ ಟೆಲಿವಿಷನ್ನುಗಳ ಲೈಸೆನ್ಸ್ 1985ರಲ್ಲಿಯೇ ರದ್ದಾದುದನ್ನು ನಾನು ಹೇಳಲಿಲ್ಲ; ಹಿರಿಯರೊಡನೆ ವಾದಿಸುವಾಗ ಒಂದೊಂದು ಪ್ರಮಾಣವನ್ನು ಮುಂದಿನ ಹಬ್ಬಕ್ಕೆ ಉಳಿಸಿಕೊಳ್ಳುವುದು ವಿವೇಕ.

ಮೆಕ್ಯಾನಿಕ್ಕು ಮೊದಲು ಬಣ್ಣ ಬಳಿಯುವ ಕುಂಚದಿಂದ ಧೂಳನ್ನು ತೆಗೆದನು. ಆಮೇಲೆ ಉಬ್ಬಿಕೊಂಡಿದ್ದ ಕಂಡೆನ್ಸರುಗಳನ್ನು ಹುಡುಕಿ ಕಿತ್ತು ಹೊಸವನ್ನು ಹಾಕಿ, ಸೆಟ್ಟನ್ನು ನೇರವಾಗಿ ಪ್ಲಗ್ಗಿಗೆ ಸಿಕ್ಕಿಸದೆ, ನಡುವೆ ನೂರು ವ್ಯಾಟಿನ ಬಲ್ಬೊಂದನ್ನು ಸೀರೀಸಿನಲ್ಲಿ ಕಟ್ಟಿದನು. ಒಳಗೆ ಎಲ್ಲಿಯಾದರೂ ಷಾರ್ಟಾಗಿದ್ದರೆ ಬಲ್ಬು ಪೂರ್ತಿ ಉರಿದು ಸೆಟ್ಟನ್ನು ಕಾಪಾಡುತ್ತದೆ. ಎಲ್ಲವೂ ಕ್ಷೇಮವಾಗಿದ್ದರೆ ಒಮ್ಮೆ ಝಗ್ಗೆಂದು ಮಂಕಾಗುತ್ತದೆ. ನಮ್ಮ ಬಲ್ಬು ಝಗ್ಗೆಂದು, ಯೋಚಿಸಿ, ಮಂಕಾಯಿತು. "ಜೀವ ಅದ ಮೇಷ್ಟ್ರೆ" ಎಂದು ಅವನು ಘೋಷಿಸಿದನು. ಪರದೆಯ ನಟ್ಟನಡುವೆ ಒಂದೇ ಒಂದು ಅಡ್ಡಗೆರೆಯು ಕಣ್ಣು ಕುಕ್ಕುವಂತೆ ಮೂಡಿತು. ಒಂದು ಚಿತ್ರಕ್ಕೆ 625 ಗೆರೆಗಳೆಂಬುದು ನಮ್ಮ ಟೆಲಿವಿಷನ್ ಪದ್ಧತಿಯ ಲೆಕ್ಕ. ಪರದೆಯ ಉದ್ದಗಲಕ್ಕೂ ಹರಡಿಕೊಳ್ಳಬೇಕಾದ ಅವೆಲ್ಲವೂ ಒಂದರ ಮೇಲೊಂದು ಬಿದ್ದಿದ್ದುವು. ಗಾಜಿನ ಒಳಮೈಯ ಲೇಪ ಸುಟ್ಟೀತೆಂದು ಅವನು ಬೆಳಕನ್ನು ಥಟ್ಟನೆ ತಗ್ಗಿಸಿ, ಸ್ವಿಚ್ಚನ್ನು ಆರಿಸಿ, ಉದ್ದನೆಯ ಸ್ಕ್ರೂಡ್ರೈವರಿಗೆ ಒಂದು ತಂತಿಯನ್ನು ಸುತ್ತಿ ಅದರ ಇನ್ನೊಂದು ತುದಿಯನ್ನು ಟ್ಯೂಬಿನ ಅರ್ತಿಗೆ ಕಚ್ಚಿಸಿ, ಟ್ಯೂಬಿನ ಬೆನ್ನ ಮೇಲಿರುವ ರಬ್ಬರಿನ ಟೊಪ್ಪಿಯ ಅಡಿಗೆ ಮೊನೆಯನ್ನು ನುಸುಳಿಸಿದನು. 'ಚಟ್' ಎಂದು ನೀಲಿಯ ಕಿಡಿಯೊಂದು ಹಾರಿತು. ಸುಮಾರು 25,000 ವೋಲ್ಟಿನಲ್ಲಿ ಬಾಳುವ ಆ ಸ್ಥಳವು ಪ್ಲಗ್ಗನ್ನು ಕಿತ್ತ ಮೇಲೆಯೂ ತನ್ನ ಕೋಪವನ್ನು ಬಹಳ ಹೊತ್ತು ಒಳಗೇ ಇಟ್ಟುಕೊಂಡಿರುತ್ತದೆಯಂತೆ. ಆ ಬಳಿಕ ಬೋರ್ಡನ್ನು ಮಗುಚಿ, ಲೆನ್ಸಿನಿಂದ ನೋಡುತ್ತ, ಬೆಸುಗೆಯ ಒಂದು ಚುಕ್ಕೆಯ ಸುತ್ತ ಕೂದಲೆಳೆಯಷ್ಟು ಬಿರುಕನ್ನು ತೋರಿಸಿದನು. ಡ್ರೈ ಸೋಲ್ಡರು! ರಾಳದ ಹೊಗೆ ಎದ್ದಿತು, ಸೀಸ ಕರಗಿತು, ಗೆರೆಯು ಬಾಯಿ ತೆರೆದು ಪರದೆಯನ್ನೆಲ್ಲ ತುಂಬಿತು. ಬಡಿದರೆ ಸರಿಹೋಗುತ್ತದೆಂದ ಮುದುಕಿಯ ಚಿಕಿತ್ಸೆಯ ಹಿಂದಿನ ಶಾಸ್ತ್ರವು ಇದೇ: ಬಿರುಕು ಬಿಟ್ಟ ಬೆಸುಗೆಯು ಪೆಟ್ಟು ಬಿದ್ದಾಗ ತಾತ್ಕಾಲಿಕವಾಗಿ ಕೂಡಿಕೊಳ್ಳುತ್ತದೆ.

ಪರದೆ ಬೆಳಗಿತು, ಆದರೆ ತೋರಿಸುವುದೇನನ್ನು? ದೂರದರ್ಶನವು ತನ್ನ ನೆಲದ ಮೇಲಿನ ಹಳೆಯ ಅನಲಾಗ್ ಪ್ರಸಾರವನ್ನು 2022ರ ಹೊತ್ತಿಗೆ ಬಹುಮಟ್ಟಿಗೆ ನಿಲ್ಲಿಸಿಬಿಟ್ಟಿದೆ. ಆಂಟೆನಾದ ತೂತೊಂದನ್ನಲ್ಲದೆ ಬೇರಾವ ಕಿವಿಯನ್ನೂ ಪಡೆಯದ ಈ ಜೀವಿಗೆ ಲೋಕವೆಲ್ಲ ಏಕಾಏಕಿ ಮೌನವ್ರತ ಹಿಡಿದಿದೆ. ಮೆಕ್ಯಾನಿಕ್ಕು ಬೆಂಕಿಪೊಟ್ಟಣದ ಗಾತ್ರದ ಮಾಡ್ಯುಲೇಟರೊಂದನ್ನು ಡಬ್ಬಿಯಿಂದ ಹೆಕ್ಕಿ, ಪೆನ್‌ಡ್ರೈವಿನ ಚಿತ್ರವನ್ನು ನಾಲ್ಕನೆಯ ಚಾನೆಲ್ಲಿನ ಅಲೆಯಾಗಿ ಪರಿವರ್ತಿಸಿ ಆ ತೂತಿಗೆ ಉಣಿಸಿದನು. ಅಂಗಡಿಯ ಮೇಜಿನಷ್ಟೇ ವ್ಯಾಪ್ತಿಯುಳ್ಳ ಪ್ರಸಾರಕೇಂದ್ರವೊಂದು ಚಾಮರಾಜನಗರದಲ್ಲಿ ಸ್ಥಾಪಿತವಾಯಿತು. ಚಿತ್ರ ಬಂದಿತು, ಕಪ್ಪು-ಬಿಳುಪಿನಲ್ಲಿ. ಬಲಗಡೆಯ ಮೂಲೆಯಲ್ಲಿ ಮಾತ್ರ ನೇರಿಳೆಯ ಮಚ್ಚೆಯೊಂದು, ಬಣ್ಣದ ಸೆಟ್ಟೆಂಬುದಕ್ಕೆ ಏಕೈಕ ಪುರಾವೆಯಾಗಿ ನಿಂತಿತ್ತು.

ಮಚ್ಚೆಯ ಕಾರಣವನ್ನು ಅವನು ವಿವರಿಸಿದ ರೀತಿಯಿಂದ ನನಗೆ ಪರಮಾನಂದವಾಯಿತು. ಗಾಜಿನ ಹಿಂದೆ ಲಕ್ಷಾಂತರ ತೂತುಗಳ ಉಕ್ಕಿನ ತೆರೆಯೊಂದಿರುತ್ತದೆ. ಕೆಂಪು, ಹಸುರು, ನೀಲಿಯ ಮೂರು ಗನ್ನುಗಳಿಂದ ಹೊರಟ ಎಲೆಕ್ಟ್ರಾನುಗಳಲ್ಲಿ ಐದರಲ್ಲಿ ನಾಲ್ಕು ಪಾಲು ಆ ತೆರೆಗೆ ಬಡಿದು ಬಿಸಿಯಾಗಿ ವ್ಯರ್ಥವಾಗುತ್ತವೆ, ಐದನೆಯ ಪಾಲು ಮಾತ್ರ ತೂತಿನಲ್ಲಿ ನುಸುಳಿ ತನ್ನ ಚುಕ್ಕೆಯನ್ನು ಮುಟ್ಟುತ್ತದೆ. ಸರ್ಕಾರವು ಬಡವರಿಗಾಗಿ ವೆಚ್ಚ ಮಾಡುವ ರೂಪಾಯಿಯಲ್ಲಿ ಹದಿನೈದು ಪೈಸೆಯಷ್ಟೇ ಅವರನ್ನು ತಲುಪುತ್ತದೆಂದು 1985ರಲ್ಲಿ ರಾಜೀವಗಾಂಧಿಯವರು ಹೇಳಿದ ಮಾತು ನೆನಪಾಗಿ, ಅದೇ ದಶಕದ ಪಿಕ್ಚರ್ ಟ್ಯೂಬು ಆಡಳಿತಕ್ಕಿಂತ ಐದು ಪೈಸೆ ದಕ್ಷವಾಗಿತ್ತೆಂದು ನಾನು ಲೆಕ್ಕ ಹಾಕಿದೆನು. ಈ ತೆರೆಗೆ ಅಯಸ್ಕಾಂತದ ಗುಣ ಹತ್ತಿತೆಂದರೆ ಎಲೆಕ್ಟ್ರಾನುಗಳು ದಾರಿ ತಪ್ಪಿ ಪಕ್ಕದ ಬಣ್ಣದ ಮನೆಯನ್ನು ಹೊಕ್ಕುಬಿಡುತ್ತವೆ. ಹತ್ತಿರದಲ್ಲಿ ದೊಡ್ಡ ಸ್ಪೀಕರನ್ನಿಟ್ಟರೆ ಅಷ್ಟೇ ಸಾಕು. ಅದಕ್ಕೆ ಮದ್ದಾಗಿ ಅವನು ತಾಮ್ರದ ತಂತಿಯ ದೊಡ್ಡ ಬಳೆಯೊಂದಕ್ಕೆ ಕರೆಂಟು ಕೊಟ್ಟು, ಪರದೆಯ ಮುಂದೆ ವರ್ತುಲಾಕಾರವಾಗಿ ಮೆಲ್ಲಮೆಲ್ಲನೆ ತಿರುಗಿಸುತ್ತ, ಹೆಜ್ಜೆಹೆಜ್ಜೆಯಾಗಿ ಹಿಂದೆ ಸರಿದನು. ಅದು ಸಾಕ್ಷಾತ್ ಮಂಗಳಾರತಿ. ನನ್ನ ಕೈಗಳು ತಾವಾಗಿಯೇ ಜೋಡಿಸಲ್ಪಟ್ಟು ಕಣ್ಣಿಗೊತ್ತಿಕೊಳ್ಳಲು ಹೊರಟುವು. ಮಚ್ಚೆ ಮಾಯವಾಯಿತು. ಈಗ ಬಣ್ಣವೆಂಬುದು ಎಲ್ಲಿಯೂ ಇರಲಿಲ್ಲ.

"ಕಿಲ್ಲರ್ ಹಿಡ್ಕಂಡದ ಮೇಷ್ಟ್ರೆ" ಎಂದನು ಅವನು. ಗಾಬರಿಗೊಳ್ಳುವ ಕಾರಣವಿಲ್ಲ, ಕಲರ್ ಕಿಲ್ಲರ್ ಎಂಬುದು ಒಂದು ಚಿಕ್ಕ ಸರ್ಕ್ಯೂಟಿನ ಹೆಸರು. ಜರ್ಮನಿಯ ಟೆಲಿಫುಂಕನ್ ಸಂಸ್ಥೆಯ ವಾಲ್ಟರ್ ಬ್ರೂಖ್ ಎಂಬವರು ಅರುವತ್ತರ ದಶಕದಲ್ಲಿ ರೂಪಿಸಿದ, ನಮ್ಮ ದೇಶವೂ ಸ್ವೀಕರಿಸಿದ ಪಾಲ್ ಪದ್ಧತಿಯಲ್ಲಿ, ಪ್ರತಿಯೊಂದು ಗೆರೆಯೂ ಹೊರಡುವ ಮುನ್ನ ಬಣ್ಣದ ಗುರುತಾಗಿ ಒಂದು ಪುಟ್ಟ ಕಂಪನವನ್ನು ಮುಂದೆ ಕಳುಹಿಸುತ್ತದೆ, ಸೆಟ್ಟಿನೊಳಗಿನ 4.43 ಮೆಗಾಹರ್ಟ್ಸಿನ ಹರಳು ಅದರೊಡನೆ ಶ್ರುತಿ ಕೂಡಬೇಕು. ಕೂಡಿದರೆ ಬಣ್ಣಕ್ಕೆ ಅಪ್ಪಣೆ. ಗುರುತು ಬಾರದಿದ್ದರೆ, ಅಥವಾ ಶ್ರುತಿಯಲ್ಲಿ ಸಂಶಯ ತೋರಿದರೆ, ಕಿಲ್ಲರು ಬಣ್ಣದ ಬಾಗಿಲನ್ನೇ ಮುಚ್ಚಿ, ಇರುವ ಚಿತ್ರವನ್ನು ಪ್ರಾಮಾಣಿಕವಾದ ಕಪ್ಪು-ಬಿಳುಪಿನಲ್ಲಿ ಬಿಡುತ್ತದೆ. ಸೆಕೆಂಡಿಗೆ 15,625 ಗೆರೆಗಳು, ಗೆರೆಗೊಂದು ಪ್ರಮಾಣವಚನ. ಮೆಕ್ಯಾನಿಕ್ಕು ಪರೀಕ್ಷೆಗೆಂದು ಕಿಲ್ಲರಿನ ಕೈ ಕಟ್ಟಿಹಾಕಿ ನೋಡಿದಾಗ, ಪರದೆಯ ಮೇಲೆ ಕೆಂಪು ಹಸುರು ನೀಲಿಯ ಪಟ್ಟೆಗಳು ಚಿತ್ರಕ್ಕೆ ಸಂಬಂಧವೇ ಇಲ್ಲದೆ ಓಡಿದುವು: ಬಣ್ಣ ಇದ್ದಿತು, ಅದು ಯಾರದೆಂಬುದು ಮಾತ್ರ ಗೊತ್ತಿರಲಿಲ್ಲ. ಹರಳು ಮುಪ್ಪಿನಿಂದ ಶ್ರುತಿ ತಪ್ಪಿತ್ತು. ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಇನ್ನೊಂದು ಹರಳು ಬಸ್ಸಿನ ಪಾರ್ಸಲಿನಲ್ಲಿ ಬಂದು ಕೂತೊಡನೆ, ಪಟ್ಟೆಗಳು ನಿಂತು, ಆಕಾಶಕ್ಕೆ ನೀಲಿಯೂ ಎಲೆಗೆ ಹಸುರೂ ಮನುಷ್ಯರಿಗೆ ಮನುಷ್ಯರ ಬಣ್ಣವೂ ಯಥಾಸ್ಥಾನವನ್ನು ಸೇರಿದುವು.

ಅಂದಿನಿಂದ ನಾನು ಈ ಸರ್ಕ್ಯೂಟಿನ ಪರಮಭಕ್ತನಾಗಿದ್ದೇನೆ. ಖಚಿತವಿಲ್ಲದ ಕಡೆ ಬಣ್ಣವನ್ನು ತಡೆಹಿಡಿಯುವ ಸಂಯಮವನ್ನು ಯಂತ್ರಶಿಲ್ಪಿಗಳು ಕೆಲವೇ ರೂಪಾಯಿಗಳ ಬಿಡಿಭಾಗಗಳಿಂದ ಸಾಧಿಸಿದರು. ಸೃಷ್ಟಿಕರ್ತನು ಮನುಷ್ಯನ ನೆನಪಿನಲ್ಲಿ ಅದನ್ನಿಡುವುದನ್ನು ಮರೆತನು. ನಮ್ಮ ಬಾಲ್ಯದ ಮಾವಿನಹಣ್ಣು ಅಷ್ಟೊಂದು ಹಳದಿಯಾಗಿದ್ದುದೂ, ನಮ್ಮ ಹೆಡ್‌ಮಾಸ್ತರರು ಅಷ್ಟೊಂದು ಪ್ರಚಂಡರಾಗಿದ್ದುದೂ ಈ ಕೊರತೆಯಿಂದಲೇ. ಆತ್ಮಚರಿತ್ರೆಗಳನ್ನು ಬರೆಯುವವರ ಕಿವಿಯ ಹಿಂದೆ ಇಂತಹದೊಂದನ್ನು ಬೆಸೆಯುವ ವ್ಯವಸ್ಥೆಯಿದ್ದಿದ್ದರೆ, ನಮ್ಮ ಗ್ರಂಥಾಲಯಗಳ ಅರ್ಧದಷ್ಟು ಬೀರುಗಳು ತೆರವಾಗುತ್ತಿದ್ದುವು. ಉಳಿದ ಅರ್ಧದಲ್ಲಿಯೂ ಓದುವಂತಹದೇನೂ ಇರುತ್ತಿರಲಿಲ್ಲವೆಂಬುದು ಬೇರೆಯ ಮಾತು.

ಪೆಟ್ಟಿಗೆಯು ಗುಂಡ್ಲುಪೇಟೆಗೆ ಹಿಂದಿರುಗಿತು. ನಡುಮನೆಯಲ್ಲಿ ಎಲ್ಲರೂ ನೆರೆದಿದ್ದರು. ಮಾವನವರು ಸೊಂಟದಿಂದ ಬೀಗದ ಕೈಯನ್ನು ತೆಗೆದು ಷಟರನ್ನು ಸರಿಸಿದರು. ಪೆನ್‌ಡ್ರೈವಿನಲ್ಲಿದ್ದುದು 1987ರಲ್ಲಿ ಭಾನುವಾರದ ಬೀದಿಗಳನ್ನೆಲ್ಲ ನಿರ್ಜನಗೊಳಿಸಿದ್ದ 'ರಾಮಾಯಣ'. ವರ್ಣಗಳು ತೂಕ ಹಾಕಿದಷ್ಟು ಸಮವಾಗಿದ್ದುವು. ಮಾವನವರು ಎರಡು ನಿಮಿಷ ನೋಡಿ, "ಎಲ್ಲ ಪೇಲವ ಮಾಡಿಸಿಬಿಟ್ಟಿದ್ದೀಯಲ್ಲ ಅಳಿಯ" ಎಂದು ಎದ್ದು, ಬಣ್ಣದ ಗುಂಡಿಯನ್ನು ಕೊನೆಮುಟ್ಟ ತಿರುಗಿಸಿದರು. ಸಮಸ್ತ ಅಯೋಧ್ಯೆಗೆ ಕಾಮಾಲೆ ಬಂದಿತು. "ಹಾಂ, ಈಗ ಸರಿ" ಎಂದು ಅತ್ತೆಯವರೂ ಒಪ್ಪಿದರು.

ನಾನು ಚಪ್ಪಲಿ ಮೆಟ್ಟುವ ಹೊತ್ತಿಗೆ ಮಾವನವರು ಅಟ್ಟದ ಕಡೆಗೆ ಕೈ ತೋರಿಸಿ, ಬೆಂಗಳೂರಿನಲ್ಲಿ ನೌಕರಿಯಲ್ಲಿದ್ದಾಗ ತಾವು ಕೊಂಡಿದ್ದ ಇನ್ನೊಂದು ಪೆಟ್ಟಿಗೆಯೂ ಅಲ್ಲಿದೆಯೆಂದೂ, ಅದು ಕಪ್ಪು-ಬಿಳುಪಿನದಾದರೂ ಅದರಲ್ಲಿ ಆಗ ಬಣ್ಣ ಬರುತ್ತಿತ್ತೆಂದೂ, ಈಗ ಬರುತ್ತದೆಯೇ ಎಂದು ಪರೀಕ್ಷೆ ಮಾಡಿಸಬೇಕೆಂದೂ ತಿಳಿಸಿದರು. ಏಣಿ ಹತ್ತಿ ನೋಡಿದೆನು. ಗಾಜಿನ ಮುಂದೆ, ಆ ಕಾಲದಲ್ಲಿ ಅಂಗಡಿಗಳಲ್ಲಿ ದೊರೆಯುತ್ತಿದ್ದ ಪ್ಲಾಸ್ಟಿಕ್ ಹಾಳೆಯೊಂದು ಅಂಟಿಕೊಂಡಿತ್ತು: ಮೇಲ್ಭಾಗ ನೀಲಿ, ನಡುಭಾಗ ಕಿತ್ತಳೆ, ಕೆಳಭಾಗ ಹಸುರು. ದೆಹಲಿಯ ಮೈದಾನದಲ್ಲಿ ಏಷ್ಯಾಖಂಡದ ಓಟಗಾರರೆಲ್ಲರೂ ನೀಲಿಯ ತಲೆಗಳಿಂದಲೂ ಹಸುರು ಕಾಲುಗಳಿಂದಲೂ ಓಡಿದುದನ್ನು ನನ್ನ ಮಾವನವರು ಕಣ್ಣಾರೆ ಕಂಡಿದ್ದರು! ಅಲ್ಲಿಂದಲೇ ಮೆಕ್ಯಾನಿಕ್ಕಿಗೆ ಫೋನು ಮಾಡಿ ಸಂಗತಿಯನ್ನು ಅರುಹಿದೆನು. ಅವನು ಸ್ವಲ್ಪವೂ ಆಶ್ಚರ್ಯಪಡಲಿಲ್ಲ. "ಬ್ಲಾಕ್ ಅಂಡ್ ವೈಟ್ ಸೆಟ್ಟಲ್ಲಿ ಕಿಲ್ಲರೇ ಇರಕಿಲ್ಲ ಮೇಷ್ಟ್ರೆ, ಅದ್ರಲ್ಲಿ ಏನ್ ಬೇಕಾದ್ರೂ ಕಾಣ್ತದ" ಎಂದನು.