ಭೂತನಾಳದ ಡಿಜಿಟಲ್ ಮಾಸ್ತರರು

ಭೂತನಾಳ ಕೆರೆಯ ಕಡೆ ಸಂಜೆ ತಿರುಗಾಡಲು ಬರುವವರಲ್ಲಿ ಅರ್ಧ ಜನ ಸಕ್ಕರೆ ರೋಗಕ್ಕೆ ಹೆದರಿದವರು, ಇನ್ನರ್ಧ ಜನ ಹೆದರಿದವರ ಜೊತೆಗೆ ಬಂದವರು. ಎಲ್ಲರೂ ನಡೆಯುತ್ತಿರುವಾಗ ಒಬ್ಬರು ಮಾತ್ರ ನಿಂತಿರುತ್ತಾರೆ. ಬಗಲಲ್ಲಿ ಸ್ಪೈರಲ್ ಬೈಂಡಿಂಗಿನ ದಪ್ಪ ಪುಸ್ತಕ, ಕಿವಿಯಲ್ಲಿ ವೈರು, ತಲೆಯ ಮೇಲಕ್ಕೆತ್ತಿ ಹಿಡಿದ ಮೊಬೈಲು. ಮೋಡ ನೋಡುತ್ತಿದ್ದಾರೆಂದು ಹೊಸಬರು ತಿಳಿಯುತ್ತಾರೆ. ವಿಜಯಪುರದವರಿಗೆ ಮೋಡ ನೋಡುವ ಚಟ ಇರುವುದೂ ನಿಜವೇ. ಆದರೆ ಇವರು ಹುಡುಕುತ್ತಿರುವುದು ಸಿಗ್ನಲ್. ಆ ಹೊತ್ತಿಗೆ ದೆಹಲಿಯಿಂದ ಯಾರೋ ಪ್ರಾಧ್ಯಾಪಕರು ದೂರದಿಂದ ಓದುವವರ ಒಂಟಿತನವನ್ನು ನೀಗಿಸುವ ಬಗೆ ಹೇಗೆಂದು ಪಾಠ ಮಾಡುತ್ತಿರುತ್ತಾರೆ. ಮಾಸ್ತರರು ಕೆರೆಯ ದಂಡೆಯಲ್ಲಿ ಒಬ್ಬರೇ ನಿಂತು ಕೇಳುತ್ತಿರುತ್ತಾರೆ.

ಇವರ ಹೆಸರು ಬೇಡ. ಇವರು ಒಬ್ಬರಲ್ಲ, ಒಂದು ಜಾತಿ. ಭೂತನಾಳದ ಕಡೆಯ ಹೊಸ ಬಡಾವಣೆಯಲ್ಲಿ ಮನೆ, ತಿಕೋಟಾ ಕಡೆಯ ಸರ್ಕಾರಿ ಹೈಸ್ಕೂಲಿನಲ್ಲಿ ನೌಕರಿ, ಅಣ್ಣನ ಜೊತೆ ಪಾಲಿನಲ್ಲಿ ಎರಡೆಕರೆ ದ್ರಾಕ್ಷಿ. ಬಾಗಿಲ ಮೇಲಿನ ಫಲಕದಲ್ಲಿ ಎಂ.ಎ., ಬಿ.ಇಡಿ. ಎಂದು ಬರೆಸಿ ಮುಂದೆ ಒಂದು ಗೇಣು ಖಾಲಿ ಬಿಟ್ಟಿದ್ದಾರೆ. ಬಬಲೇಶ್ವರಕ್ಕೆ ಹೋದರೆ ಇದೇ ಜಾತಿಯ ಇನ್ನೊಬ್ಬರು ಕಚೇರಿಯಲ್ಲಿ ಸಿಗುತ್ತಾರೆ. ಅವರು 2012ರ ನಿಯಮದಂತೆ ಸರ್ಕಾರಿ ನೌಕರರಿಗೆ ಕಡ್ಡಾಯವಾದ ಕಂಪ್ಯೂಟರ್ ಸಾಕ್ಷರತಾ ಪರೀಕ್ಷೆ ಪಾಸಾಗಿ, ಆ ಹುಮ್ಮಸ್ಸಿನಲ್ಲಿ ಇನ್ನೂ ಓದುವುದನ್ನು ನಿಲ್ಲಿಸದವರು.

ಮಾಸ್ತರರಿಗೆ ಈ ಹುಚ್ಚು ಹಿಡಿದದ್ದು 2020ರಲ್ಲಿ. ಮಾರ್ಚಿನಲ್ಲಿ ಶಾಲೆ ಮುಚ್ಚಿದವು. ಚಂದನದಲ್ಲಿ 'ಸಂವೇದ' ಪಾಠ ಬಂತು, ಗುಡಿಕಟ್ಟೆಗಳ ಮೇಲೆ 'ವಿದ್ಯಾಗಮ' ನಡೆಯಿತು. ಇಡೀ ಸ್ಟಾಫ್‌ರೂಮಿನಲ್ಲಿ ಸ್ಕ್ರೀನ್ ಶೇರ್ ಮಾಡಲು ಬರುವವರು ತಾವೊಬ್ಬರೇ ಎಂಬುದು ಅವರಿಗೆ ಆಗ ಗೊತ್ತಾಯಿತು. ಇಪ್ಪತ್ತು ವರ್ಷ ಸಮಾಜ ವಿಜ್ಞಾನ ಕಲಿಸಿದರೂ ಸಿಗದಿದ್ದ ಮರ್ಯಾದೆ ಒಂದು ಬಟನ್ ಒತ್ತಿದ್ದಕ್ಕೆ ಸಿಕ್ಕಿತು. ಮುಂದೆ ದೀಕ್ಷಾ ಆ್ಯಪ್‌ನಲ್ಲಿ ನಿಷ್ಠಾ ತರಬೇತಿಗಳು ಶುರುವಾದಾಗ, ಉಳಿದವರು ವಿಡಿಯೊ ಹಚ್ಚಿಟ್ಟು ಎಮ್ಮೆ ಹಿಂಡಲು ಹೋದರೆ ಇವರು ಪೂರ್ತಿ ಕುಳಿತು ನೋಡಿದರು. ಕೊನೆಗೆ ಎಮ್ಮೆ ಹಿಂಡಿ ಬಂದವರ ರಸಪ್ರಶ್ನೆಗಳನ್ನೂ ಅವರವರ ಪಾಸ್‌ವರ್ಡ್ ಹಾಕಿ ಇವರೇ ಬಿಡಿಸಿದರು. ಒಂದೇ ತರಬೇತಿಯನ್ನು ಇಷ್ಟು ಸಲ ಪಾಸಾದ ಶಿಕ್ಷಕರು ಜಿಲ್ಲೆಯಲ್ಲಿ ಬೇರೆ ಇರಲಿಕ್ಕಿಲ್ಲ. ಅಷ್ಟಾದ ಮೇಲೆ ಪದವಿಯೂ ಇದ್ದರೆ ಚಂದ ಅನಿಸಿದ್ದರಲ್ಲಿ ತಪ್ಪೇನಿದೆ?

ಸೇರಿದ್ದು ಇಗ್ನೋದ ದೂರ ಶಿಕ್ಷಣದ ಎಂ.ಎ.ಗೆ. ಬೆಂಗಳೂರಿನ ಹಾಗೆ ವಿಜಯಪುರದಲ್ಲೂ ಅದರ ಪ್ರಾದೇಶಿಕ ಕೇಂದ್ರ ಇದೆ ಎಂಬುದು ಅವರಿಗೆ ಹೆಮ್ಮೆ. ಬಂದವರಿಗೆ ಚಹಾ ಕೊಡುವ ಮೊದಲು ಅವರು ಕೊಡುವುದು ಇಗ್ನೋದ ಚರಿತ್ರೆ. 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿತು, 1987ರಲ್ಲಿ ಎರಡು ಡಿಪ್ಲೊಮಾಗಳಿಂದ ಪಾಠ ಆರಂಭಿಸಿತು. ಆ ವರ್ಷ ಸೇರಿದವರು 4,528 ಮಂದಿ. ಎರಡರಲ್ಲಿ ಒಂದು ಮ್ಯಾನೇಜ್‌ಮೆಂಟ್, ಇನ್ನೊಂದು ದೂರ ಶಿಕ್ಷಣ. ದೂರದಿಂದ ಕಲಿಸುವ ವಿಶ್ವವಿದ್ಯಾಲಯ ಮೊಟ್ಟಮೊದಲು ಕಲಿಸಿದ್ದೇ ದೂರದಿಂದ ಕಲಿಸುವುದು ಹೇಗೆ ಎಂಬುದನ್ನು. ಇಲ್ಲಿಗೆ ಬಂದಾಗ ಮಾಸ್ತರರು ಒಂದು ಕ್ಷಣ ನಿಲ್ಲಿಸಿ ಕೇಳುಗರ ಮುಖ ನೋಡುತ್ತಾರೆ. ಕೇಳುಗರು ಅಡಿಗೆಮನೆಯ ಕಡೆ ನೋಡುತ್ತಾರೆ.

ಸ್ಟಾಫ್‌ರೂಮಿನಲ್ಲಿ ಎದ್ದ ಮೊದಲ ಪ್ರಶ್ನೆ ಬೇರೆಯದೇ.

"ಯುಜಿಸಿ ಮಾನ್ಯತಾ ಐತ್ರ್ಯಾ, ಸರ್?"

ಇದು ಕುಹಕವಲ್ಲ, ಅನುಭವ. ಕರ್ನಾಟಕದಲ್ಲಿ ಮನೆಯಲ್ಲೇ ಕುಳಿತು ಡಿಗ್ರಿ ಓದುವ ಸಂಪ್ರದಾಯಕ್ಕೆ ವಯಸ್ಸಾಗಿದೆ. ಮೈಸೂರು ವಿಶ್ವವಿದ್ಯಾಲಯ ಅಂಚೆ ತೆರಪಿನ ಶಿಕ್ಷಣ ಶುರು ಮಾಡಿದ್ದು 1969ರಲ್ಲಿ. ಬ್ರಿಟನ್ನಿನ ಓಪನ್ ಯುನಿವರ್ಸಿಟಿಗೆ ರಾಜಸನ್ನದು ಸಿಕ್ಕಿದ್ದೂ ಅದೇ ವರ್ಷ, ಅವರು ಮೊದಲ ವಿದ್ಯಾರ್ಥಿಗಳಿಗೆ ಪಾಠ ಹೇಳಿದ್ದು 1971ರಲ್ಲಿ. ಲೆಕ್ಕ ಹಾಕಿದರೆ ನಾವೇ ಮುಂದು. ಮೈಸೂರಿನ ಆ ಸಂಸ್ಥೆಯೇ 1996ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯವಾಯಿತು. ನಡುವೆ ಕೆಲವು ವರ್ಷ ಅದರ ಮಾನ್ಯತೆ ಕೈತಪ್ಪಿ 2018ರಲ್ಲಿ ಮರಳಿ ಬಂತು. ಅದಾದ ಮೇಲೆ ನಮ್ಮ ಕಡೆ ಯಾರೇ ದೂರ ಶಿಕ್ಷಣ ಎಂದರೂ ಜನ ಮೊದಲು ಮಾನ್ಯತೆ ಕೇಳುತ್ತಾರೆ, ಆಮೇಲೆ ಆರೋಗ್ಯ.

ಇನ್ನು ಓದಿನ ವಿಷಯ. ಹೆಸರಿಗೆ ಡಿಜಿಟಲ್, ಆದರೆ ಮಾಸ್ತರರ ಮನೆಯಲ್ಲಿ ಇಷ್ಟು ಕಾಗದ ಹಿಂದೆಂದೂ ಸೇರಿರಲಿಲ್ಲ. ಛಾಪಿಸಿದ ಪುಸ್ತಕ ಬೇಡ, ಪಿಡಿಎಫ್ ಸಾಕು ಎಂದವರಿಗೆ ಶುಲ್ಕದಲ್ಲಿ ಶೇ. 15 ರಿಯಾಯಿತಿ. ಇವರು ತತ್ವಕ್ಕೆ ಬದ್ಧರಾಗಿ ರಿಯಾಯಿತಿ ಪಡೆದರು. ವಾರ ಕಳೆಯುವುದರೊಳಗೆ ಕಣ್ಣು ಉರಿಯತೊಡಗಿತು. ಅಷ್ಟೂ ಪಿಡಿಎಫ್‌ಗಳನ್ನು ಝೆರಾಕ್ಸ್ ಅಂಗಡಿಗೆ ಒಯ್ದು ಪ್ರಿಂಟ್ ಹೊಡೆಸಿ, ಬೈಂಡ್ ಮಾಡಿಸಿ ತಂದರು. ಉಳಿಸಿದ ಹಣಕ್ಕೂ ಝೆರಾಕ್ಸ್ ಬಿಲ್ಲಿಗೂ ಇದ್ದ ವ್ಯತ್ಯಾಸವನ್ನು ಅವರು ಮನೆಯಲ್ಲಿ ಹೇಳಿಲ್ಲ. ಅದಕ್ಕೇ ನಾವೂ ಹೇಳುವುದಿಲ್ಲ.

ಅಸೈನ್‌ಮೆಂಟುಗಳದ್ದು ಇದಕ್ಕಿಂತ ದೊಡ್ಡ ಕತೆ. ಒಟ್ಟು ಅಂಕದಲ್ಲಿ ಶೇ. 30 ಅವಕ್ಕೆ, ಶೇ. 70 ಪರೀಕ್ಷೆಗೆ. ಅಸೈನ್‌ಮೆಂಟನ್ನು ಸ್ವಂತ ಕೈಯಿಂದಲೇ ಬರೆಯಬೇಕು, ಟೈಪ್ ಮಾಡುವ ಹಾಗಿಲ್ಲ. ಹೀಗಾಗಿ ಸಂವಹನ ತಂತ್ರಜ್ಞಾನ ಕಲಿಕೆಯನ್ನು ಹೇಗೆ ಬದಲಿಸಿದೆ ಎಂಬುದನ್ನು ಮಾಸ್ತರರು ಗೆರೆ ಹಾಳೆಯ ಮೇಲೆ, ನೀಲಿ ಪೆನ್ನಿನಿಂದ, ಎಡಕ್ಕೆ ಮಾರ್ಜಿನ್ ಬಿಟ್ಟು, ಹೆಬ್ಬೆರಳು ನೋಯುವವರೆಗೆ ವಿವರಿಸಿದರು. ಬರೆದದ್ದನ್ನು ಮೊಬೈಲಿನಲ್ಲಿ ಫೋಟೊ ಹೊಡೆದು ಪಿಡಿಎಫ್ ಮಾಡುವ ವಿದ್ಯೆ ಅವರಿಗೆ ಮೊದಲೇ ಬರುತ್ತಿತ್ತು. ಆದರೆ 2020ರ ಜೂನ್ ಕೊನೆಗೆ ಕೇಂದ್ರ ಸರ್ಕಾರ 59 ಚೀನಿ ಆ್ಯಪ್‌ಗಳನ್ನು ನಿಷೇಧಿಸಿದಾಗ, ಟಿಕ್‌ಟಾಕ್ ಜೊತೆಗೆ ಅವರ ನೆಚ್ಚಿನ ಕ್ಯಾಮ್‌ಸ್ಕ್ಯಾನರೂ ಹೋಯಿತು. ಟಿಕ್‌ಟಾಕಿಗಾಗಿ ಅತ್ತವರನ್ನು ದೇಶ ಕಂಡಿತು. ಕ್ಯಾಮ್‌ಸ್ಕ್ಯಾನರಿಗಾಗಿ ಅತ್ತವರು ಶಿಕ್ಷಕರು ಮಾತ್ರ.

ಮಗಳು ತೊರವಿಯ ಅಕ್ಕಮಹಾದೇವಿ ಮಹಿಳಾ ವಿಶ್ವವಿದ್ಯಾಲಯದಲ್ಲಿ ಎಂ.ಎ. ಓದುತ್ತಾಳೆ. ಅಪ್ಪನ ಅಸೈನ್‌ಮೆಂಟು ಬರೆದುಕೊಡಲು ಅವಳು ಖಡಾಖಂಡಿತ ಒಲ್ಲೆ ಎಂದಿದ್ದಾಳೆ. "ನಾ ನಿಮ್ಮ ಸ್ಪರ್ಧಿ ಅದೀನಿ, ಅಪ್ಪಾಜಿ" ಎನ್ನುತ್ತಾಳೆ. ಅದೂ ಒಂದು ನಮೂನೆ ಗೌರವವೇ.

ಕೋರ್ಸಿನ ಪರಿಣಾಮ ಮೊದಲು ಕಾಣಿಸಿಕೊಂಡದ್ದು ಮಾಸ್ತರರ ಬಾಯಲ್ಲಿ. 1956ರಲ್ಲಿ ಬೆಂಜಮಿನ್ ಬ್ಲೂಮ್ ಕಲಿಕೆಯ ಉದ್ದೇಶಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ. ಬಿ.ಇಡಿ. ಮಾಡಿದವರೆಲ್ಲ ಅದನ್ನು ಬಾಯಿಪಾಠ ಮಾಡಿಯೇ ಪಾಸಾದವರು. ಆದರೆ ಪಾಸಾದ ಮೇಲೂ ಅದನ್ನು ನಂಬುವವರು ವಿರಳ, ಮಾಸ್ತರರು ನಂಬಿದರು. 'ತಿಳಿದುಕೊಳ್ಳುವರು' ಎಂಬ ಕ್ರಿಯಾಪದ ಅವರಿಗೆ ಈಗ ಸೇರುವುದಿಲ್ಲ, ತಿಳಿದದ್ದನ್ನು ಅಳೆಯಲು ಬರುವುದಿಲ್ಲ ಎಂಬ ಕಾರಣಕ್ಕೆ. 'ಪಟ್ಟಿ ಮಾಡುವರು', 'ಹೋಲಿಸುವರು' ಆಗಬಹುದು. ಸೋದರಳಿಯನ ಲಗ್ನಪತ್ರಿಕೆಯ ಕರಡು ನೋಡಲು ಕೊಟ್ಟಾಗ 'ಬಂದು ಆಶೀರ್ವದಿಸಬೇಕು' ಎಂಬಲ್ಲಿ ಕೆಂಪು ಗೆರೆ ಎಳೆದು, ಪಕ್ಕದಲ್ಲಿ 'ನಿರ್ದಿಷ್ಟವಾಗಿಲ್ಲ' ಎಂದು ಬರೆದು ಕಳಿಸಿದರು.

ಆಮೇಲೆ ಬಂದದ್ದು 'ಆ್ಯಡಿ'. ವಿಶ್ಲೇಷಣೆ, ವಿನ್ಯಾಸ, ಅಭಿವೃದ್ಧಿ, ಅನುಷ್ಠಾನ, ಮೌಲ್ಯಮಾಪನ ಎಂಬ ಐದು ಹಂತಗಳ ಇಂಗ್ಲಿಷ್ ಮೊದಲಕ್ಷರಗಳ ಈ ಸೂತ್ರದ ಮೂಲ 1970ರ ದಶಕದ ಅಮೆರಿಕದ ಸೈನ್ಯದ ತರಬೇತಿಯಲ್ಲಿದೆ. ಸೈನಿಕರಿಗೆ ಸಾಧ್ಯವಾದದ್ದು ದ್ರಾಕ್ಷಿಗೆ ಏಕೆ ಸಾಧ್ಯವಿಲ್ಲ? ಬಳ್ಳಿ ಸವರುವ ಅಕ್ಟೋಬರ್ ಚಾಟ್ನಿಯ ಹೊತ್ತಿಗೆ ಮಾಸ್ತರರು ತೋಟಕ್ಕೆ ಹೋಗಿ, ಕತ್ತರಿ ಹಿಡಿದು ನಿಂತ ಅಣ್ಣನಿಗೆ ಮೊದಲು ವಿಶ್ಲೇಷಣೆ ಆಗಲಿ ಎಂದರು. ಚಾಟ್ನಿ ಎರಡು ದಿನ ತಡವಾಯಿತು. ಆಮೇಲೆ ಹಿಡಿದ ಮಳೆಗೆ ಎಲೆಯಡಿ ಬಿಳಿ ಬೂಜು ಕಂಡಾಗ ಅಣ್ಣ ಫೋನು ಮಾಡಿ, "ನಿನ್ನ ಆ್ಯಡಿಗೆ ಡೌನಿ ಬಂದೈತಿ, ಬಂದು ಮೌಲ್ಯಮಾಪನ ಮಾಡ" ಎಂದ.

ಮಾಸ್ತರರನ್ನು ತರಬೇತಿಗೆ ಕರೆಯುವುದೆಂದರೆ ಸಂಘಟಕರಿಗೆ ಈಗ ನಡುಕ. ಮೊದಲೆಲ್ಲ ಇವರೂ ಹಿಂದಿನ ಬೆಂಚಿನಲ್ಲಿ ಕುಳಿತು ಟಿ.ಎ. ಬಿಲ್ಲಿನ ಲೆಕ್ಕ ಹಾಕಿದವರೇ. ಈಗ ಮುಂದಿನ ಸಾಲು. ಮಾಲ್ಕಂ ನೋಲ್ಸ್ ಹೇಳಿದ ಪ್ರಕಾರ ವಯಸ್ಕರು ಕಲಿಯುವ ಮೊದಲು ಯಾಕೆ ಕಲಿಯಬೇಕೆಂದು ತಿಳಿಯಬಯಸುತ್ತಾರೆ. ಅದರಂತೆ ಮಾಸ್ತರರು ಎದ್ದು ನಿಂತರು.

"ಸರ್, ಈ ಅಧಿವೇಶನದ ಕಲಿಕಾ ಉದ್ದೇಶ ಏನ್ರಿ?"

ಸಂಪನ್ಮೂಲ ವ್ಯಕ್ತಿ ಗಡಿಯಾರ ನೋಡಿ ಹೇಳಿದರು, "ಊಟ ಒಂದೂವರಿಗಿ ಐತ್ರಿ."

ಸಭೆಗೆ ಸಮಾಧಾನವಾಯಿತು. ನೋಲ್ಸ್ ಇದ್ದಿದ್ದರೆ ಅವನಿಗೂ ಆಗುತ್ತಿತ್ತೋ ಏನೋ. ವಯಸ್ಕರ ಕಾರಣ ವಯಸ್ಕರಿಗೇ ಗೊತ್ತು.

ಒಮ್ಮೆ ಅವರನ್ನೇ ಸಂಪನ್ಮೂಲ ವ್ಯಕ್ತಿ ಮಾಡಿ ನೋಡಿದರು. ಪಾಠವನ್ನು ಮೊದಲು ಮನೆಯಲ್ಲಿ ನೋಡಿ ಬರುವುದು, ತರಗತಿಯಲ್ಲಿ ಚರ್ಚೆ ಮಾತ್ರ ಮಾಡುವುದು ಎಂಬ ಹೊಸ ಪದ್ಧತಿಯಂತೆ ವಾಟ್ಸಾಪ್ ಗುಂಪಿಗೆ ಮೂರು ವಿಡಿಯೊ ಕಳಿಸಿದರು. ಉತ್ತರವಾಗಿ ಬಂದವು ಮುಗಿದ ಕೈಗಳು, ಹೂಗುಚ್ಛಗಳು, ಒಂದು ಶುಭೋದಯ. ವಿಡಿಯೊ ನೋಡಿದವರು ಯಾರೂ ಇಲ್ಲ. ಆನ್‌ಲೈನ್ ಸಭೆಯಲ್ಲಿ ಮೈಕು ಮುಚ್ಚಿರಿ ಎಂದು ಎಷ್ಟು ಬೇಡಿಕೊಂಡರೂ ಒಬ್ಬೊಬ್ಬರ ಮನೆಯಿಂದ ಅವರ ದನಿಯೇ ಅವರಿಗೆ ತಿರುಗಿ ಬಂದು ಗೋಳಗುಮ್ಮಟದೊಳಗೆ ನಿಂತು ಕೂಗಿದಂತಾಯಿತು. ಗುಮ್ಮಟದಲ್ಲಿ ಏಳು ಸಲ ಎನ್ನುತ್ತಾರೆ. ಇಲ್ಲಿ ಎಷ್ಟು ಶಿಕ್ಷಕರೋ ಅಷ್ಟು ಸಲ.

ಓದು ಬಿಟ್ಟು ಹೋಗುವವರ ಬಗ್ಗೆ ಕೋರ್ಸಿನಲ್ಲಿ ಸಾಕಷ್ಟು ಓದಬೇಕು. ಅಂತರ್ಜಾಲದ ಉಚಿತ ಕೋರ್ಸುಗಳಿಗೆ ಹೆಸರು ಹಚ್ಚಿದವರಲ್ಲಿ ಕೊನೆ ಮುಟ್ಟುವವರು ಸಾಮಾನ್ಯವಾಗಿ ಶೇ. 15ರೊಳಗೇ ಎಂದು ಅಧ್ಯಯನಗಳು ಹೇಳುತ್ತವೆ. ಮಾಸ್ತರರು ಈ ಭಾಗಕ್ಕೆ ಬಹಳ ಚಂದದ ಉತ್ತರ ಬರೆದರು, ಕಾರಣಗಳನ್ನು ಪಟ್ಟಿ ಮಾಡಿದರು, ಹೋಲಿಸಿದರು. 2017ರಲ್ಲಿ ಆರಂಭವಾದ ಸ್ವಯಂ ವೇದಿಕೆಯಲ್ಲಿ ಅವರದೇ ಖಾತೆಯನ್ನು ಯಾರಾದರೂ ತೆರೆದು ನೋಡಿದರೆ ಕೃತಕ ಬುದ್ಧಿಮತ್ತೆಯಿಂದ ಜೇನು ಸಾಕಣೆಯವರೆಗೆ ಹೆಸರು ನೋಂದಾಯಿಸಿ, ಮೊದಲ ವಾರದ ವಿಡಿಯೊದಲ್ಲಿ ಸ್ವಾಗತ ಸ್ವೀಕರಿಸಿ, ಅಲ್ಲಿಗೇ ಎದ್ದು ಬಂದ ಗುರುತುಗಳು ಕಾಣುತ್ತವೆ.

ಇಷ್ಟೆಲ್ಲ ನಗುವವರು ಡಿಸೆಂಬರಿನಲ್ಲಿ ಒಮ್ಮೆ ಪರೀಕ್ಷಾ ಕೇಂದ್ರಕ್ಕೆ ಹೋಗಿ ನೋಡಬೇಕು. ಜೂನಿಗೊಮ್ಮೆ, ಡಿಸೆಂಬರಿಗೊಮ್ಮೆ ಪರೀಕ್ಷೆ. ರಜೆ ಹಾಕಿ ಬಂದ ಸೈನಿಕ, ರಾತ್ರಿ ಪಾಳಿ ಮುಗಿಸಿ ನೇರ ಬಂದ ನರ್ಸ್, ಕೂಸನ್ನು ಹೊರಗೆ ಅತ್ತೆಯ ಕೈಗೆ ಕೊಟ್ಟು ಒಳಗೆ ಬಂದ ಹುಡುಗಿ, ನಿವೃತ್ತರಾಗಿ ಇತಿಹಾಸ ಓದುವ ಅಜ್ಜ ಒಂದೇ ಕೋಣೆಯಲ್ಲಿ ಕುಳಿತಿರುತ್ತಾರೆ. ಎಲ್ಲರ ವಿಷಯವೂ ಬೇರೆ, ಆದ್ದರಿಂದ ಕಾಪಿ ಹೊಡೆಯುವ ಪ್ರಶ್ನೆಯೇ ಇಲ್ಲ. ಮೇಲ್ವಿಚಾರಕ ಮಾಸ್ತರರದೇ ಹಳೆಯ ವಿದ್ಯಾರ್ಥಿ. ಅವನು ಬಂದು ಹಾಲ್ ಟಿಕೆಟ್ ನೋಡಿ, ಕಾಲು ಮುಟ್ಟಬೇಕೋ ಸಹಿ ಮಾಡಬೇಕೋ ತಿಳಿಯದೆ ಎರಡನ್ನೂ ಮಾಡಿದ. ಮೂರು ತಾಸಿನ ಬರವಣಿಗೆ ಪರೀಕ್ಷೆ ಹಳೆಯ ಕಾಲದ್ದು, ಅದರಿಂದ ನಿಜವಾದ ಕಲಿಕೆ ಅಳೆಯಲಾಗದು ಎಂದು ಮಾಸ್ತರರು ಮೂರು ತಾಸು ಬರೆದರು. ಪುರವಣಿ ಹಾಳೆ ಕೇಳಿ ಪಡೆದರು. ಅದನ್ನು ಕಟ್ಟುವ ದಾರ ಸಾಲದೆ ಹೋದಾಗ ಎಸ್ಸೆಸ್ಸೆಲ್ಸಿ ಹುಡುಗನ ಹಾಗೆ ಗಾಬರಿಯಾದರು. ಮರುದಿನ ಅವರ ಒಂಬತ್ತನೆಯ ತರಗತಿಯ ಮಕ್ಕಳಿಗೆ ಕಿರುಪರೀಕ್ಷೆ ಇತ್ತು, ಅದನ್ನು ರದ್ದು ಮಾಡಿದರು. ಮಕ್ಕಳಿಗೆ ಕಾರಣ ಗೊತ್ತಿಲ್ಲ.

ಮನೆಯೊಡತಿ ಅಂಗನವಾಡಿ ಕಾರ್ಯಕರ್ತೆ. 2021ರಿಂದ ಪೋಷಣ್ ಟ್ರ್ಯಾಕರ್ ಆ್ಯಪ್ ಬಂದ ಮೇಲೆ ಮಕ್ಕಳ ಹಾಜರಿ, ತೂಕ, ಎತ್ತರ, ಗರ್ಭಿಣಿಯರ ಲೆಕ್ಕ ಎಲ್ಲ ಮೊಬೈಲಿನಲ್ಲೇ. ಯಾವ ಎಂ.ಎ.ಯೂ ಇಲ್ಲದೆ, ಪಕ್ಕದ ಕೇಂದ್ರದ ಗೆಳತಿಯ ಜೊತೆ ಮೆಟ್ಟಿಲ ಮೇಲೆ ಕುಳಿತು ಅದನ್ನು ಕಲಿತವರು. ಅಷ್ಟೇ ಅಲ್ಲ, ಪ್ರವೇಶದ ದಿನ ಮಾಸ್ತರರ ಸಿಮ್ಮಿಗೆ ಒಟಿಪಿ ಬಾರದೆ ಹೆಂಡತಿಯ ನಂಬರು ಕೊಟ್ಟದ್ದರಿಂದ ವಿಶ್ವವಿದ್ಯಾಲಯದ ಸಂದೇಶಗಳೆಲ್ಲ ಈಗಲೂ ಅಂಗನವಾಡಿಗೇ ಬರುತ್ತವೆ. ಕಲಿಯುವವರಿಗೆ ಬೆಂಬಲ ಸೇವೆ ಕೊಡುವುದು ಹೇಗೆ ಎಂಬುದಕ್ಕೆ ಕೋರ್ಸಿನಲ್ಲಿ ಒಂದು ಪೂರ್ತಿ ಪತ್ರಿಕೆಯೇ ಇದೆ. ಮಾಸ್ತರರಿಗೆ ಆ ಸೇವೆ ಸಿಗುವುದು ಹೀಗೆ: "ಅಸೈನ್‌ಮೆಂಟ್ ತಾರೀಕ ಮುಂದ ಹಾಕ್ಯಾರಂತ್ರಿ. ಬರೂವಾಗ ಕೊತಂಬ್ರಿ ತರ್‍ರಿ."

ತರಬೇತಿಯ ಫಲವನ್ನು ಅಳೆಯಲು ಡೊನಾಲ್ಡ್ ಕರ್ಕ್‌ಪ್ಯಾಟ್ರಿಕ್ 1959ರಲ್ಲಿ ನಾಲ್ಕು ಹಂತ ಹೇಳಿದ. ಕಲಿತವರಿಗೆ ಇಷ್ಟವಾಯಿತೆ, ಏನು ಕಲಿತರು, ನಡವಳಿಕೆ ಬದಲಾಯಿತೆ, ಕೊನೆಗೆ ಏನು ಫಲ ಬಂತು? ಒಂದು ರಾತ್ರಿ ಊಟದ ಹೊತ್ತಿಗೆ ಮಾಸ್ತರರು ಇದನ್ನು ವಿವರಿಸಿದಾಗ ಮನೆಯೊಡತಿ ರೊಟ್ಟಿ ಮುರಿಯುತ್ತ ಮೊದಲ ಮೂರನ್ನು ಬಿಟ್ಟು ನಾಲ್ಕನೆಯದಕ್ಕೇ ಹೋದರು: "ಪಗಾರ ಎಷ್ಟ ಹೆಚ್ಚಾಗ್ತದ?" ಈ ಎಂ.ಎ.ಯಿಂದ ಪಗಾರ ಹೆಚ್ಚುವುದಿಲ್ಲ. ಮಾಸ್ತರರು ಮೂರನೆಯ ಹಂತಕ್ಕೆ ಹಿಂದಿರುಗಿದರು.

ಈಗ ಉಳಿದಿರುವುದು ಪ್ರಾಜೆಕ್ಟು. ವಿಷಯವಾಗಿ ಅವರು ಆರಿಸಿಕೊಂಡದ್ದು ಕ್ಷೇತ್ರ ಕಾರ್ಯಕರ್ತರು ಆ್ಯಪ್ ಬಳಕೆ ಕಲಿಯುವ ಬಗೆ. ಗೂಗಲ್ ಫಾರ್ಮಿನಲ್ಲಿ ಪ್ರಶ್ನಾವಳಿ ಹೋಯಿತು. ಬಂದ ಉತ್ತರಗಳಲ್ಲಿ ಎಲ್ಲರೂ ಎಲ್ಲದಕ್ಕೂ 'ಪೂರ್ಣವಾಗಿ ಒಪ್ಪುತ್ತೇನೆ' ಎಂದಿದ್ದರು, ಪರಸ್ಪರ ವಿರುದ್ಧವಾದ ಎರಡು ಹೇಳಿಕೆಗಳಿಗೂ ಸೇರಿ. ಅದಕ್ಕೆ ಮನೆಯಲ್ಲೇ ಆಳವಾದ ಸಂದರ್ಶನ ನಡೆಸಲು ನಿರ್ಧರಿಸಿದರು. ಎದುರಿಗೆ ಕುಳಿತು, ಮೊಬೈಲು ರೆಕಾರ್ಡಿಗೆ ಹಚ್ಚಿ, ಸಮ್ಮತಿ ಪತ್ರಕ್ಕೆ ಹೆಂಡತಿಯ ಸಹಿ ಪಡೆದು ಕೇಳಿದರು.

"ನೀವು ಈ ಆ್ಯಪ್ ಕಲಿಯಲು ಪ್ರೇರಣೆ ಏನು?"

"ಕಲೀಲಿಕ್ಕಂದ್ರ ಮ್ಯಾಲಿನವ್ರು ಬೈತಿದ್ರು."

"ಕಲಿಕೆಯಲ್ಲಿ ಎದುರಾದ ಅಡೆತಡೆ?"

"ನೀವು. ಕಲಿಸ್ತೀನಿ ಕಲಿಸ್ತೀನಿ ಅಂತ ಮೊಬೈಲ್ ಕಸ್ಕೋತಿದ್ರಿ."

"ಮುಂದೆ ಯಾವ ವಿಷಯದಲ್ಲಿ ತರಬೇತಿ ಬೇಕು?"

"ತರಬೇತಿ ಬ್ಯಾಡ್ರಿ. ಹ್ಯಾಂಗ್ ಆಗಲಾರದಂಥಾ ಒಂದು ಚಲೋ ಮೊಬೈಲ್ ಬೇಕು."

ಮಾಸ್ತರರು ಮೂರೂ ಉತ್ತರಗಳನ್ನು ಪ್ರಾಮಾಣಿಕವಾಗಿ ಬರೆದುಕೊಂಡರು. ದತ್ತಾಂಶ ವರ್ಗೀಕರಣದ ಹೊತ್ತಿಗೆ ಮೊದಲನೆಯದು 'ಬಾಹ್ಯ ಪ್ರೇರಣೆ' ಎಂಬ ಕಾಲಮಿಗೆ ಹೋಯಿತು, ಎರಡನೆಯದು 'ಕೌಟುಂಬಿಕ ಅಂಶಗಳು' ಎಂಬುದಕ್ಕೆ. ಮೂರನೆಯದಕ್ಕೆ ಯಾವ ಸಿದ್ಧಾಂತದಲ್ಲೂ ಜಾಗ ಸಿಗಲಿಲ್ಲ. ಅದನ್ನು 'ಇತರೆ' ಎಂಬಲ್ಲಿ ಹಾಕಿದರು.