ಸ್ಕ್ಯಾನ್ ರಾಯರು

ಭದ್ರಾವತಿಯ ಉಕ್ಕಿನ ಕಾರ್ಖಾನೆಯ ಟೈಮ್ ಆಫೀಸಿನಲ್ಲಿ ಯೌವನವನ್ನೆಲ್ಲ ಹಾಜರಿ ಪುಸ್ತಕಗಳಿಗೆ ಧಾರೆಯೆರೆದು, ನಿವೃತ್ತರಾದೊಡನೆ ಶಿವಮೊಗ್ಗದ ನಮ್ಮ ಬಡಾವಣೆಗೆ ಬಂದು ನೆಲೆಸಿರುವ ರಾಯರಂಥವರನ್ನು ನೀವೂ ಕಂಡಿರಬಹುದು. ಬರೆಯುವ ಕೆಲಸವೆಲ್ಲ ಪೂರ್ವಜನ್ಮದ ಪಾಪವೆಂದೂ, ಮೊಬೈಲನ್ನೆತ್ತಿ ಒಮ್ಮೆ ಕ್ಲಿಕ್ಕೆನಿಸಿದರೆ ಸಕಲ ದಫ್ತರಗಳಿಗೂ ಮೋಕ್ಷವೆಂದೂ ನಂಬಿದ ಪಂಥ ಇವರದು. ಹಾಲಿನ ಲೆಕ್ಕ, ಲಗ್ನಪತ್ರಿಕೆ, ಕರೆಂಟ್ ಬಿಲ್ಲು, ಇವರ ಕ್ಯಾಮೆರಾದಿಂದ ಪಾವನವಾಗದ ಕಾಗದವಿಲ್ಲ.

ಗುರುವಾರ ಲಸಿಕೆಯ ದಿನ. ಅಂದು ಆರೋಗ್ಯ ಕೇಂದ್ರದಲ್ಲಿ ರಾಯರು ಹಾಜರು. ಸಿಸ್ಟರ್ ಪಾಡು ಕರುಣಾಜನಕವೆಂಬುದು ದಿಟ: ಹುಟ್ಟಿದೊಡನೆ ಬಿಸಿಜಿ, ಒಂದೂವರೆ, ಎರಡೂವರೆ, ಮೂರೂವರೆ ತಿಂಗಳಿಗೆ ಪೆಂಟಾ, ಒಂಬತ್ತು ತುಂಬಿದ ಮೇಲೆ ದಡಾರ-ರುಬೆಲ್ಲಾ, ಇವನ್ನೆಲ್ಲ ತಾಯಿ ಕಾರ್ಡಿನಲ್ಲಿ ಬರೆದು, ರಿಜಿಸ್ಟರಿನಲ್ಲಿ ಬರೆದು, ಆಯ್ದ ಜಿಲ್ಲೆಗಳಲ್ಲಿ 2023ರಲ್ಲಿ ಪ್ರಯೋಗಾರ್ಥವಾಗಿ ಆರಂಭಗೊಂಡ ಯು-ವಿನ್ ಎಂಬ ಲಸಿಕಾ ಪೋರ್ಟಲಿನಲ್ಲಿಯೂ ತುಂಬಬೇಕು.

“ಯಾಕಮ್ಮಾ ಕುಟ್ತಾ ಕೂತಿದೀರಿ? ಸ್ಕ್ಯಾನ್ ಮಾಡಿದ್ರಾಯ್ತಪ್ಪ!” ಎಂಬುದು ರಾಯರ ಮಂತ್ರ.

ಕೋವಿನ್ ಪ್ರಮಾಣಪತ್ರದ ಕ್ಯೂಆರ್ ಕೋಡನ್ನು ಕ್ಷಣಾರ್ಧದಲ್ಲಿ ಓದಿದ ಯಂತ್ರಕ್ಕೆ, ಅಳುವ ಕೂಸುಗಳ ನಡುವೆ ಅವಸರದಲ್ಲಿ ಗೀಚಿದ 1 ಯಾವುದು, 7 ಯಾವುದು ಎಂಬುದೂ ತಿಳಿದೀತೆಂದು ಅವರ ಭಾವನೆ. ಯಂತ್ರ ಬರೆದದ್ದನ್ನು ಯಂತ್ರ ಓದುವುದೇ ಬೇರೆ. ರಾಯರು ತೆಗೆಯುವುದಾದರೋ ಬರಿಯ ಫೋಟೋ.

ನನ್ನ ಮೊಮ್ಮಗಳ ಕಾರ್ಡನ್ನು ಹೀಗೆಯೇ ‘ಸ್ಕ್ಯಾನಿಸಿ’ ಸಿಸ್ಟರಿಗೆ ವಾಟ್ಸಾಪಿನಲ್ಲಿ ಕಳುಹಿಸಿದರು. ಮೂರನೆಯ ಪೆಂಟಾದ ದಿನಾಂಕವಿರಬೇಕಾದೆಡೆಯಲ್ಲಿ, ಉಗುರಂಚಿನ ಎಲೆಯಡಿಕೆಯ ಸುಣ್ಣದೊಡನೆ, ರಾಯರ ಹೆಬ್ಬೆರಳು ವಿರಾಜಮಾನವಾಗಿತ್ತು. ಮತ್ತೊಮ್ಮೆ ತೆಗೆದರು, ಹೆಬ್ಬೆರಳು ದಡಾರಕ್ಕೆ ಸರಿಯಿತು. ಕಡೆಗೆ ಸಿಸ್ಟರ್ ಫೋನ್ ಮಾಡಿದರು, ನಾನು ಕನ್ನಡಕವೇರಿಸಿ ಓದಿ ಹೇಳಿದೆ, ಅವರು ಕುಟ್ಟಿದರು.

“ನೋಡಿದ್ರಾ, ಕೂತಲ್ಲೇ ಕೆಲಸ ಆಯ್ತು!” ಎಂದರು ರಾಯರು.

ಬಂದ ಕರೆಯನ್ನು ಸ್ವೀಕರಿಸುವುದಷ್ಟನ್ನೇ ಬಲ್ಲ ನಾನು ಅವರನ್ನು ಟೀಕಿಸಲು ಅಧಿಕಾರಿಯಲ್ಲ. ಬೈಯಲು ಹೊರಟಾಗಲೆಲ್ಲ, ಪೋಲಿಯೋದಿಂದ ಕಾಲಿನ ಶಕ್ತಿ ಕಳೆದುಕೊಂಡ ತಮ್ಮನನ್ನು ಬೆನ್ನ ಮೇಲೆ ಹೊತ್ತು ಅವರು ಭದ್ರಾವತಿಯ ಶಾಲೆಗೆ ನಡೆಯುತ್ತಿದ್ದುದು ನೆನಪಾಗುತ್ತದೆ. ಸಾರ್ವತ್ರಿಕ ಲಸಿಕಾ ಕಾರ್ಯಕ್ರಮ 1985ರಲ್ಲಿ ಬರುವಷ್ಟರಲ್ಲಿ ಆ ತಮ್ಮನಿಗೆ ಮೀಸೆ ಬಂದಿತ್ತು. ಈಗಲೂ, ಯಾರ ಮನೆಯ ಕೂಸಿಗೆ ಯಾವ ಡೋಸು ತಪ್ಪಿದೆಯೆಂಬುದನ್ನು ಆಶಾ ಕಾರ್ಯಕರ್ತೆ ರಿಜಿಸ್ಟರು ತೆರೆಯುವ ಮುನ್ನವೇ ಬಾಯಲ್ಲಿ ಹೇಳಿ, ಕೊಡೆ ಹಿಡಿದು ತಾವೇ ಆ ಮನೆಗೆ ಹೋಗಿ ಬಾಗಿಲು ತಟ್ಟುವವರು ರಾಯರೇ.

ಯಂತ್ರ ಓದಬಲ್ಲಂಥ ಕಾರ್ಡನ್ನು ಅಚ್ಚು ಹಾಕಿಸುವುದು ಬಲ್ಲವರ ಕೆಲಸ. ಅದು ಬೇಗ ಆಗಲಿ. ಅಲ್ಲಿಯವರೆಗೆ, ಫೋಟೋ ಇದೆಯೆಂದು ಮೂಲ ಕಾರ್ಡನ್ನು ರದ್ದಿಗೆ ಹಾಕಬೇಡಿ; ಪಟ್ಟಿಯ ಕೊನೆಯ ಟಿಡಿ ಚುಚ್ಚುಮದ್ದು ಬರುವುದು ಮಗುವಿನ 16ನೆಯ ವಯಸ್ಸಿಗೆ.